ಪೌಡರಿನ ಮೇಲೆ ನಾಲ್ಕು ಬೆರಳು

ನನ್ನ ಮೈದುನನ ಹೆಂಡತಿ ಸತ್ತ ಮೇಲೂ ಪ್ರತಿ ರವಿವಾರ ಕುಣಿಯಲು ಬರುತ್ತಿದ್ದಳು ಎಂದು ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಸುಳ್ಳು. ಬಂದದ್ದು ಒಂದೇ ಸಲ. ಅದೂ ಅವನು ಹಾಕಿದ ಹಾಡಿಗಲ್ಲ.

ಇಷ್ಟು ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: ನಿಮ್ಮ ಮೈದುನನಿಗೆ ಹುಚ್ಚೇ? ಹುಚ್ಚಾದರೆ ಚಿಂತೆಯಿರಲಿಲ್ಲ, ಅದಕ್ಕೆ ಗುಳಿಗೆ ಇದೆ. ಇವನು ಬಣ್ಣದ ಮಿಲ್ಲಿನಲ್ಲಿ ಜೀವ ತೇಯ್ದ ಮನುಷ್ಯ. ಬಿಳಿ ಬಟ್ಟೆ ತೋರಿಸಿದರೆ ಅದರಲ್ಲಿ ಎಷ್ಟು ನೀಲಿ ಬೆರೆಸಿದ್ದಾರೆ ಎಂದು ಹೇಳುವವನು. ಅಂಥವನು ಖಾಲಿ ನೆಲ ತೋರಿಸಿ, "ಅಲ್ಲಿ ಜನ ಅದಾರ, ಸರದು ನಿಲ್ರಿ" ಎಂದರೆ ನಿಮಗೆ ಬೆನ್ನು ತಣ್ಣಗಾಗುತ್ತದೆಯೋ ಇಲ್ಲವೋ?

ನಾವು ಧಾರವಾಡದ ಕಡೆಯವರು. ನನ್ನ ಗಂಡನನ್ನು ಬ್ಯಾಂಕಿನವರು ಸೂರತ್‌ಗೆ ವರ್ಗ ಮಾಡಿದರು. ಮೈದುನ ಅಲ್ಲಿಯೇ ಪಾಂಡೇಸರಾದ ಒಂದು ಮಿಲ್ಲಿಗೆ ಸೇರಿದ. ಮದುವೆಗೆ ಮುಂಚೆ ಮಿಲ್ಲಿನವರು ಅವನನ್ನು ಯಂತ್ರ ಕಲಿತು ಬಾ ಎಂದು ಇಂಗ್ಲೆಂಡಿಗೆ ಕಳಿಸಿದರು. ಯಂತ್ರ ಎಷ್ಟು ಕಲಿತನೋ, ಕುಣಿಯುವುದನ್ನು ಪೂರಾ ಕಲಿತು ಬಂದ. ಆ ಊರಿನ ಮಿಲ್ಲಿನ ಹುಡುಗರು ವಾರವೆಲ್ಲ ದುಡಿದು, ಶನಿವಾರ ಒಂದು ದೊಡ್ಡ ಹಾಲ್‌ನಲ್ಲಿ ಸೇರಿ, ಅಮೇರಿಕದ ಕಪ್ಪು ಜನ ಹಾಡಿದ ಹಾಡು ಹಾಕಿಕೊಂಡು ಕುಣಿಯುತ್ತಿದ್ದರಂತೆ. ಕುಡಿತವಿಲ್ಲ. ಕೈ ಕೈ ಹಿಡಿಯುವುದಿಲ್ಲ. ಕಾಲು ಜಾರಲಿ ಎಂದು ನೆಲಕ್ಕೆ ಪೌಡರು ಚೆಲ್ಲಿ, ಒಬ್ಬೊಬ್ಬರೇ ತಮ್ಮ ತಮ್ಮ ಜಾಗದಲ್ಲಿ ಗಿರ್ರನೆ ತಿರುಗುವುದು. ಆ ಹಾಡಿಗೆ ಸೋಲ್ ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಆತ್ಮ ಅಂತ ಅರ್ಥ ಎಂದ. ವಿಲಾಯತಿಗೆ ಹೋದವರು ಸೆಂಟು ತರುತ್ತಾರೆ, ಕ್ಯಾಮರಾ ತರುತ್ತಾರೆ. ಇವನು ಒಂದು ಟ್ರಂಕಿನ ತುಂಬ ಆತ್ಮದ ಹಾಡಿನ ರೆಕಾರ್ಡು ತಂದ. ಮುಂದೆ ಆತ್ಮವೇ ಬಂದರೆ ಯಾರನ್ನು ಬೈಯೋಣ?

ಮದುವೆಯಾಗಿ ವಿಮಲಾ ಬಂದಳು, ನನ್ನ ನೆಗೆಣ್ಣಿ. ಹುಡುಗಿಯಾಗಿದ್ದಾಗ ಒರಳಿನ ಗುಂಡು ಬಿದ್ದು ಅವಳ ಎಡಗಾಲಿನ ಹೆಬ್ಬೆರಳು ಮೇಲಕ್ಕೆ ಸೆಟೆದುಕೊಂಡಿತ್ತು. ನೆಲ ಮುಟ್ಟುತ್ತಿರಲಿಲ್ಲ. ನಾನು ಒರೆಸಿದ ಹಸಿ ನೆಲದ ಮೇಲೆ ಯಾರು ಓಡಾಡಿದರು ಎಂದು ಕಂಡುಹಿಡಿಯಲು ನನಗೆ ಪೊಲೀಸರು ಬೇಕಿರಲಿಲ್ಲ. ಎಡಗಾಲಿನಲ್ಲಿ ನಾಲ್ಕೇ ಬೆರಳು ಮೂಡಿದ್ದರೆ ಅವಳೇ. "ನಾ ಅಲ್ರಿ ಅಕ್ಕಾ" ಎನ್ನುತ್ತಿದ್ದಳು, ಆ ಗುರುತಿನ ಮೇಲೆಯೇ ನಿಂತುಕೊಂಡು.

ಅಂಥ ಕಾಲಿನವಳಿಗೆ ಇವನು ಕುಣಿಯಲು ಕಲಿಸಿದ. ಅವಳು ಕಲಿತಳು ಕೂಡ. ಕುಕ್ಕರಿನ ಒಂದು ಸೀಟಿಗೂ ಇನ್ನೊಂದು ಸೀಟಿಗೂ ನಡುವೆ ಅಡುಗೆಮನೆಯಲ್ಲಿ ತಿರುಗುತ್ತಿದ್ದಳು. ನಾನು ಕಸಬರಿಗೆ ಹಿಡಿದು ಬಂದು ದಿನಾ ಅದೇ ಮಾತು ಹೇಳಬೇಕು: "ವಿಮಲಾ, ಆ ಕಡೆ ಸರಿ. ಕಸಾ ಹೊಡೀಬೇಕು." ಕುಣಿಯುತ್ತಲೇ ಸರಿಯುತ್ತಿದ್ದಳು, ನಿಧಾನಕ್ಕೆ. ಆ ಕಾಲಿಗೆ ಅವಸರ ಬರುತ್ತಿರಲಿಲ್ಲ. ನಾನು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದೆ. ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ ಎಂದು ತಿಳಿಯಬೇಡಿ, ಬೇಕಾದಷ್ಟಿತ್ತು.

ಆಮೇಲೆ ಮೈದುನ ಅಹಮದಾಬಾದಿನ ವಟ್ವಾದ ಕಾರ್ಖಾನೆಗೆ ಬಂದ, ನಾವೂ ಇದೇ ಊರಿಗೆ ಬಂದೆವು. ನನ್ನ ಗಂಡ ಈಗಿಲ್ಲ. ಸ್ಯಾಟಲೈಟ್ ಎಂಬ ಬಡಾವಣೆಯ ಈ ಸೊಸೈಟಿಯಲ್ಲಿ ಮಗ, ಸೊಸೆ, ಮೊಮ್ಮಗಳು ನಿಧಿ, ಮೈದುನ, ನಾನು, ಎಲ್ಲ ಒಂದೇ ಮನೆ. ಕೆಳಗೆ ಸೊಸೈಟಿಯ ಹಾಲ್ ಇದೆ. ಅಲ್ಲಿ ವಿಮಲಾ ಇದ್ದಾಗ ಅವಳೂ ಮೈದುನನೂ ಸೇರಿ ರವಿವಾರ ಮಧ್ಯಾಹ್ನದ ಕುಣಿತ ಶುರು ಮಾಡಿದರು. ಜನ ಮೊದಲು ಕಿಟಕಿಯಲ್ಲಿ ನಿಂತು ನಕ್ಕರು, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಹಳೆಯ ಮಿಲ್ಲಿನ ಗೆಳೆಯರು ಸೂರತ್‌ನಿಂದ ರೈಲು ಹತ್ತುತ್ತಿದ್ದರು. ಅದೇ ಗಾಡಿಗೆ ವಡೋದರಾದಲ್ಲಿ ರೈಲ್ವೆಯಿಂದ ನಿವೃತ್ತರಾದ ನಮ್ಮ ವಿಜಾಪುರ ಕಡೆಯ ಒಬ್ಬ ಮಾಸ್ತರಂಥ ಮನುಷ್ಯರು ಹತ್ತುತ್ತಿದ್ದರು. ಕಡಲೆಹಿಟ್ಟಿನ ಖಮಣ ತಿಂದು, ಮಜ್ಜಿಗೆ ಕುಡಿದು, ಬೆವರಿ, ಸಂಜೆಯ ಗಾಡಿಗೆ ಹೋಗುತ್ತಿದ್ದರು. ಒಂದು ಸಲ ಪೌಡರು ಮುಗಿದಿದೆ ಎಂದು ನನ್ನ ಮೈದುನ ಅಡುಗೆಮನೆಯ ಅಕ್ಕಿಹಿಟ್ಟು ಚೆಲ್ಲಿಬಿಟ್ಟ. ಇರುವೆಗಳು ಬಂದವು. ಕುಣಿಯುವವರಿಗಿಂತ ಅವುಗಳ ಸಾಲು ಚೆನ್ನಾಗಿತ್ತು.

ವಿಮಲಾ ಒಂದು ಜ್ವರದಲ್ಲಿ ಹೋಗಿಬಿಟ್ಟಳು. ದಿನಕರ್ಮಗಳೆಲ್ಲ ಮುಗಿದ ಮೇಲಿನ ರವಿವಾರ ಇವನು ಹಾಲ್‌ನ ಬಾಗಿಲು ತೆಗೆದ. ಕಿಟಕಿಯ ಪಕ್ಕ, ಕಂಬದ ಹತ್ತಿರ ಅವಳು ಕುಣಿಯುತ್ತಿದ್ದ ಜಾಗಕ್ಕೆ ಪೌಡರನ್ನು ಚೌಕವಾಗಿ ಚೆಲ್ಲಿ, ಹಳೆಯ ರೇಷ್ಮೆ ಬಟ್ಟೆಯಿಂದ ಹಾಲಿನ ಕೆನೆಯ ಹಾಗೆ ಸಮ ಮಾಡಿದ. ಅದರ ಮೇಲಿನ ಫ್ಯಾನು ಆರಿಸಿದ. ವಿಮಲಾಗೆ ಫ್ಯಾನಿನ ಗಾಳಿ ಆಗುತ್ತಿರಲಿಲ್ಲ, ಶೀನು ಬರುತ್ತಿತ್ತು. ಅಂಚಿಗೆ ಒಂದು ಲೋಟ ಮಜ್ಜಿಗೆ ಇಟ್ಟ. ಅಂದಿನಿಂದ ಆ ಚೌಕಕ್ಕೆ ಯಾರೂ ಕಾಲಿಡುವಂತಿಲ್ಲ.

ಆಮೇಲೆ ಒಂದೊಂದೇ ಶುರುವಾಯಿತು. ಅವಳಿಗೆ ಬೇಕಾದ ರೆಕಾರ್ಡು ಹಾಕಿದಾಗ, ಹಾಡಿನ ನಡುವೆ ಒಂದು ಕಡೆ ಸೂಜಿ ಟಕ್ಕೆಂದು ಹಾರುತ್ತಿತ್ತು, ಯಾರೋ ಪಕ್ಕದಲ್ಲಿ ಕಾಲು ಬಡಿದ ಹಾಗೆ. ಅದೇ ರೆಕಾರ್ಡು ಮನೆಯಲ್ಲಿ ಹಾಕಿದರೆ ಹಾರುವುದಿಲ್ಲ. ಬೇಸಿಗೆಯಲ್ಲಿ, ಈ ಊರಿನ ಗೋಡೆ ಮುಟ್ಟಿದರೆ ಕೈ ಸುಡುವ ಹೊತ್ತಿನಲ್ಲಿ, ಆ ಚೌಕದ ಪಕ್ಕ ಹಾದು ಹೋದವರು ಸೆರಗು ಹೊದ್ದುಕೊಳ್ಳುತ್ತಿದ್ದರು. ತಣ್ಣಗಿರುವುದು ನಿಜ. ನಾನು ಮಜ್ಜಿಗೆಯ ಕೊಡ ತಂದು ಅಲ್ಲಿಟ್ಟೆ. ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ.

ಮೈದುನ ಓಡಿ ಬಂದ. "ವೈನಿ, ಅಲ್ಲಿ ಇಡಬ್ಯಾಡ್ರಿ. ಆಕೀ ಕಾಲಿಗೆ ತಾಕ್ತದ."

"ತಾಕಿದ್ರ ತಾಕಲಿ. ಬದುಕಿದ್ದಾಗ ಎಷ್ಟು ಸಲ ಎಡವ್ಯಾಳ."

ಒಂದು ರವಿವಾರ ಎಲ್ಲ ಹೋದ ಮೇಲೆ ನೋಡಿದರೆ ಅಂಚಿನ ಲೋಟ ಖಾಲಿಯಾಗಿ ಬೋರಲು ಬಿದ್ದಿತ್ತು. ಬಿದ್ದಿರಲಿಲ್ಲ, ಬೋರಲು ಇಟ್ಟಿತ್ತು. ಕುಡಿದ ಲೋಟ ಬೋರಲು ಇಡುವುದು ವಿಮಲಾಳ ಅಭ್ಯಾಸ. ಬೆಕ್ಕು ಎಂದೆ ನಾನು. ಬೋರಲು ಇಡುವ ಬೆಕ್ಕನ್ನು ನಾನೂ ಕಂಡಿಲ್ಲ. ಆದರೂ ಒಂದು ಬೋರಲು ಲೋಟಕ್ಕೆಲ್ಲ ಸತ್ತವರು ಬಂದರು ಎಂದು ಒಪ್ಪಿಕೊಂಡರೆ ಮನೆ ನಡೆಸಲು ಆಗುತ್ತದೆಯೇ?

ನಿಜವಾದ ತೊಂದರೆ ಬೇರೆಯೇ ಇತ್ತು. ಕುಣಿಯುವವರ ಮೊಣಕಾಲು ಒಂದೊಂದಾಗಿ ಕೈಕೊಟ್ಟವು. ಕೆಲವರು ವಿಮಲಾಳ ದಾರಿ ಹಿಡಿದರು. ಸೂರತ್‌ನ ಗೆಳೆಯರು ಬರುವುದು ನಿಂತಿತು. ಹುಡುಗರು ಬಾಗಿಲಲ್ಲಿ ಇಣುಕಿ, ಮುತ್ತಜ್ಜನ ಕಾಲದ ಹಾಡು ಕೇಳಿ, ಖಾಲಿ ಚೌಕ ನೋಡಿ ಓಡಿಹೋಗುತ್ತಿದ್ದರು. ಸೊಸೈಟಿಯ ಸೆಕ್ರೆಟರಿ ಮನೆಗೇ ಬಂದ. ಮುಂದಿನ ತಿಂಗಳೊಳಗೆ ಜನ ಸೇರದಿದ್ದರೆ ರವಿವಾರದ ಹಾಲ್ ಗರ್ಬಾ ಕಲಿಸುವ ಕ್ಲಾಸಿಗೆ ಎಂದ.

"ಬಾ, ರೂಲ್ ಮೇಂ ಸಿರ್ಫ್ ಮೆಂಬರ್ ಹೈ," ಎಂದ ನನಗೆ. ಬಾ ಅಂದರೆ ಇಲ್ಲಿ ಅವ್ವ, ರೂಲಿನಲ್ಲಿ ಮೆಂಬರಿಗೆ ಮಾತ್ರ ಜಾಗವಂತೆ. "ಆತ್ಮಾ ಮೆಂಬರ್ ನಹೀಂ ಹೈ."

ನವರಾತ್ರಿಯಲ್ಲಿ ಮೈದಾನಗಳಲ್ಲಿ ಹಾಡು ಹಾಕುವ ಗುಂಪಿನಲ್ಲಿ ನಿಧಿಯೂ ಇದ್ದಾಳೆ. ಸೆಕ್ರೆಟರಿ ಹೋದ ಮೇಲೆ ಮೈದುನನ ಪಕ್ಕ ಬಂದು ಕೂತಳು. ಅವಳ ಕನ್ನಡ ಅಷ್ಟಕ್ಕಷ್ಟೇ.

"ಸಣ್ಣಜ್ಜ, ಈ ಟೈಪ್ ಹಾಡು ಅಭೀ ಭೀ ಮಾಡ್ತಾರೆ. ಹೊಸ ಜನ ಹಾಡ್ತಾರೆ, ಸೇಮ್ ತಾಳ. ಒಂದು ನಿಂದು ಹಾಕು, ಒಂದು ನಂದು. ಬಚ್ಚಾ ಲೋಗ್ ಬರ್ತಾರೆ."

"ರೆಕಾರ್ಡಿನ್ಯಾಗ ಅದಾವೇನು?"

"ಫೋನ್‌ನಲ್ಲಿ ಇದೆ."

ಫೋನು ಎಂದ ಕೂಡಲೇ ಮೈದುನ ಎದ್ದು ಬಾಲ್ಕನಿಗೆ ಹೋದ. ವಡೋದರಾದ ಆ ರೈಲ್ವೆಯವರಿಗೆ ಫೋನು ಮಾಡಿ ಕೇಳಿದರೆ ಅವರೂ ಒಪ್ಪಲಿಲ್ಲ. "ಪರಿಚಯ ಇಲ್ಲದ ಹಾಡಿಗೆ ನನ್ನ ಮೊಣಕಾಲು ಮಾತು ಕೇಳೂದಿಲ್ಲ ನೋಡವಾ," ಎಂದರು. ಪರಿಚಯದ ಹಾಡಿಗೂ ಅದು ಕೇಳಿದ್ದನ್ನು ನಾನು ನೋಡಿಲ್ಲ.

ನಾನು ಬಾಲ್ಕನಿಗೆ ಹೋಗಿ ಮೈದುನನಿಗೆ ಹೇಳಿದೆ: "ಈ ಊರಾಗ ದೇವಿ ಮುಂದನ ಸಿನಿಮಾ ಧಾಟಿಗೆ ಗರ್ಬಾ ಆಡ್ತಾರ. ಹಳೇದೂ ಹಾಡ್ತಾರ, ಹೊಸಾದೂ ಹಾಡ್ತಾರ. ದೇವಿ ಎದ್ದು ಹೋಗ್ಯಾಳೇನು?"

"ದೇವಿಗೆ ಎಲ್ಲಾ ದಾರಿ ಗೊತ್ತಿರ್ತಾವ ವೈನಿ. ಇಕೀ ಸೂರತ್ ಸ್ಟೇಶನ್ನಿನ್ಯಾಗ ಪ್ಲಾಟ್‌ಫಾರ್ಮ್ ತಪ್ಪಿಸ್ಕೋತಿದ್ದಳು. ಹಾಡು ಬದಲಿ ಮಾಡಿದ್ರ ಎಲ್ಲಿ ಅಂತ ಹುಡುಕ್ತಾಳ?"

ಹೊಸ ಹಾಡು ಹಾಕದಿದ್ದರೆ ಹಾಲ್ ಹೋಗುತ್ತದೆ. ಹಾಕಿದರೆ ಹೆಂಡತಿ ಹೋಗುತ್ತಾಳೆ. ಇಷ್ಟೇ ಅವನ ಸಂಕಟ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. "ಹಾಲ್ ಹೋದ್ರ ಆಕೀ ಬಂದು ಎಲ್ಲಿ ನಿಲ್ತಾಳ, ಗರ್ಬಾ ಕ್ಲಾಸಿನ್ಯಾಗ?" ಎಂದೆ. ರಾತ್ರಿ ಊಟಕ್ಕೆ ಕೂತಾಗ ನಿಧಿಗೆ, "ಒಂದ ಹಾಡು" ಎಂದ.

ಆ ರವಿವಾರ ನಿಧಿ ತನ್ನ ಗೆಳೆಯರನ್ನು ಕರೆತಂದಳು. ಹಾಲ್ ತುಂಬಿತು. ಹೊರಗೆ ಬಿಸಿಗಾಳಿ, ಪರದೆ ಎಳೆದಿದ್ದೆವು, ಒಳಗೆ ಎಲ್ಲ ಹಳದಿ ಹಳದಿಯಾಗಿ ಕಾಣುತ್ತಿತ್ತು. ಮೈದುನ ಚೌಕವನ್ನು ಎಂದಿಗಿಂತ ಹೆಚ್ಚು ಹೊತ್ತು ಸಮ ಮಾಡಿದ, ಫ್ಯಾನು ಆರಿಸಿದ. ಮಕ್ಕಳಿಗೆ ನಿಧಿ ಮೊದಲೇ ಹೇಳಿದ್ದಳು, ಯಾರೂ ಅತ್ತ ಸುಳಿಯಲಿಲ್ಲ. ನಾನು ಮಜ್ಜಿಗೆಯ ಕೊಡ ಇಟ್ಟುಕೊಂಡು ಆ ಚೌಕದ ಎದುರಿಗೇ ಕುರ್ಚಿಯಲ್ಲಿದ್ದೆ. ಹಾಗಾಗಿ ನಾನು ಹೇಳುವುದನ್ನು ನಂಬಬೇಕು.

ಮೊದಲು ಹಳೆಯ ಹಾಡುಗಳು. ಕಡೆಗೆ ವಿಮಲಾಳ ಹಾಡು. ಅವನು ಸೂಜಿಯನ್ನೇ ನೋಡುತ್ತ ನಿಂತ. ಆ ಜಾಗ ಬಂತು. ಸೂಜಿ ಹಾರಲಿಲ್ಲ. ಅವಳು ಹೋದ ಮೇಲೆ ಮೊದಲ ಸಲ ಅಲ್ಲಿ ಹಾಡು ಪೂರಾ ಕೇಳಿತು. ಅವನ ಮುಖದ ಬಣ್ಣ ಇಳಿಯಿತು. ಬಣ್ಣದವನಲ್ಲವೇ, ಅವನಿಗೇ ಗೊತ್ತಾಗಿರಬೇಕು. "ಹಾಕವಾ ನಿಂದು," ಎಂದು ನಿಧಿಗೆ ಹೇಳಿ ಗೋಡೆಗೆ ಹೋಗಿ ಕೂತ.

ನಿಧಿ ಹೊಸದು ಹಾಕಿದಳು. ಹೆಂಗಸಿನ ದನಿ, ಅದೇ ಹಳೆಯ ತಾಳ, ಕೆಳಗೆ ಮಾತ್ರ ನಮ್ಮ ಇಲ್ಲಿನ ಢೋಲಿನಂಥ ಒಂದು ದಪ್ಪ ಪೆಟ್ಟು. ಕುರ್ಚಿಯ ಕಾಲಿನಿಂದ ನನ್ನ ಕಾಲಿಗೆ ಹತ್ತಿತು. ಹುಡುಗರು ತಿರುಗಿದರು. ವಡೋದರಾದವರ ಮೊಣಕಾಲು ಕೂಡ, ಪರಿಚಯ ಗಿರಿಚಯ ಕೇಳದೆ, ಎದ್ದಿತು. ಪೌಡರು ಮಂಜಿನ ಹಾಗೆ ಮೇಲೆದ್ದಿತು. ಎದುರಿನ ಚೌಕದಲ್ಲಿ ಮಾತ್ರ, ಯಾರೂ ಇಲ್ಲದ ಕಡೆ, ಫ್ಯಾನು ಇಲ್ಲದ ಕಡೆ, ಪೌಡರು ಸುತ್ತ ತಿರುಗಿ ಏಳುತ್ತಿತ್ತು.

ಹಾಡು ನಿಂತಿತು. ಪೌಡರು ಕೂತಿತು. ಚೌಕದಲ್ಲಿ ಹೆಜ್ಜೆಗಳು.

ಒಳಗೆ ಬಂದ ಹೆಜ್ಜೆ ಇಲ್ಲ, ಹೊರಗೆ ಹೋದ ಹೆಜ್ಜೆ ಇಲ್ಲ. ನಡುವೆ ಸುತ್ತಿ ಸುತ್ತಿ ತಿರುಗಿದ್ದು. ಮಕ್ಕಳು ತಮ್ಮಲ್ಲೇ ಯಾರೋ ಚೇಷ್ಟೆ ಮಾಡಿದರು ಎಂದು ನಕ್ಕರು. ನಾನು ಸೊಂಟ ಹಿಡಿದು ಬಗ್ಗಿ ನೋಡಿದೆ. ಬಲಗಾಲಿಗೆ ಐದು. ಎಡಗಾಲಿಗೆ ನಾಲ್ಕು. ಹೆಬ್ಬೆರಳಿಲ್ಲ.

ಆ ಕಾಲಿನ ಸಂಗತಿ ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೆ, ಮೈದುನನಿಗೆ, ಇಬ್ಬರಿಗೇ. ಆಮೇಲೆ ಕೆಲವರು ಅಜ್ಜಿಯೇ ಮಾಡಿರಬೇಕು ಎಂದರಂತೆ. ನನಗೆ ಎರಡೂ ಕಾಲಿಗೆ ಎಲ್ಲ ಬೆರಳೂ ನೆಲ ಮುಟ್ಟುತ್ತವೆ. ಅನುಮಾನವಿದ್ದವರು ಬಂದು ನೋಡಬಹುದು, ಕಾಲು ತೊಳೆದು ಕೂತಿರುತ್ತೇನೆ.

ಮೈದುನ ಬಂದು ನನ್ನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತ. ಎಡಗಾಲಿನ ಬೆರಳು ಎಣಿಸಿದ. ಅಳುತ್ತಾನೇನೋ ಎಂದುಕೊಂಡೆ. ಅವನಿಗೆ ಸಿಟ್ಟು ಬಂದಿತ್ತು.

"ನೋಡ್ರಿ ವೈನಿ," ಎಂದ. "ಇಷ್ಟು ವರ್ಷ ಆಕೀ ಸಲುವಾಗಿ ಅದ ಹಾಡು ಹಾಕ್ಕೋತ ಕೂತೆ. ಬ್ಯಾಸರ ಆಗೇದ ಅಂತ ಒಂದು ಮಾತು ಹೇಳಬಾರದಾಗಿತ್ತಾ?"

"ಬದುಕಿದ್ದಾಗ ಹೇಳಿದ್ದಳೇನು?"

"ಇಲ್ಲ."

"ಮತ್ತ?"

ಅವನು ರೇಷ್ಮೆ ಬಟ್ಟೆ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡ. ಎದ್ದು ಹೋಗಿ ನಿಧಿಯ ಪಕ್ಕ ನಿಂತು, "ಇನ್ನೊಂದು ಅದ ಏನು ಅಂಥಾದು?" ಎಂದು ಕೇಳಿದ. ಈಗ ಒಂದು ಹಳೆಯದು, ಒಂದು ಹೊಸದು. ಹಾಲ್ ನಮ್ಮ ಬಳಿಯೇ ಇದೆ. ಸೆಕ್ರೆಟರಿಯ ಹೆಂಡತಿಯೂ ಬರುತ್ತಾಳೆ.

ಆ ರವಿವಾರದ ಮರುದಿನ ಬೆಳಿಗ್ಗೆ ಹಾಲ್‌ನಲ್ಲಿ ಯೋಗದವರು ಬರುವುದಿತ್ತು. ಪೌಡರಿನ ಮೇಲೆ ಜಾರಿ ಬಿದ್ದರೆ ನಮ್ಮ ಮೇಲೆಯೇ ಬರುತ್ತದೆ ಎಂದು, ಮನೆಯವರು ಏಳುವ ಮೊದಲೇ ಕಸಬರಿಗೆ ತೆಗೆದುಕೊಂಡು ಕೆಳಗಿಳಿದೆ. ಕಿಟಕಿ ತೆರೆದೆ. ಬಾಗಿಲಿನಿಂದ ಹೊಡೆಯುತ್ತ ಬಂದೆ. ಕಂಬದ ಹತ್ತಿರ ಆ ಹೆಜ್ಜೆಗಳು ಹಾಗೇ ಇದ್ದವು.

"ವಿಮಲಾ, ಆ ಕಡೆ ಸರಿ," ಎಂದೆ. "ಕಸಾ ಹೊಡೀಬೇಕು."

ಸೊಂಟದ ಮೇಲೆ ಕೈಯಿಟ್ಟು, ಆ ಕಾಲಿಗೆ ಸರಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದೆ. ಆಮೇಲೆ ಹೊಡೆದೆ.