ಟಾಕಿ ಮಾರಿ ಸಮುದ್ರ ಕಂಡ ಮಾವ

ಬರಗಾಲ ಯಾರ್ಯಾರಿಗೆ ಏನೇನು ಕೊಟ್ಟಿತೋ ನನಗೆ ಗೊತ್ತಿಲ್ಲ, ನಮ್ಮ ಮಾವನಿಗೆ ಮಾತ್ರ ಇಡೀ ಸಮುದ್ರವನ್ನೇ ಕೊಟ್ಟಿತು! ನಂಬುವುದಿಲ್ಲವೆ? ನಾನೂ ನಂಬಿರಲಿಲ್ಲ. ಮಾವನಿಗೆ ಮರಾಠಿ ಸೀಮೆಯ ಗಡಿಯಲ್ಲಿರುವ ಉಮರ್ಗಾ ಪೇಟೆಯಲ್ಲಿ ಪ್ಲಾಸ್ಟಿಕ್ ನೀರಿನ ಟಾಕಿಯ ಅಂಗಡಿ. ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು. ಬಂದಷ್ಟು ನೀರನ್ನು ಹಿಡಿದಿಡಲು ಜನ ಟಾಕಿಯ ಮೇಲೆ ಟಾಕಿ ಒಯ್ದರು. ಕಂಪನಿಯವರಿಗೆ ಖುಷಿಯೋ ಖುಷಿ. ಹೆಚ್ಚು ಟಾಕಿ ಮಾರಿದವರು ಒಂದು ಮೋಟರ್‌ಸೈಕಲ್ ಒಯ್ಯಬಹುದು, ಇಲ್ಲವೇ ಇಬ್ಬರು ಇಪ್ಪತ್ತೊಂದು ದಿನ ಕ್ರೂಸ್ ಹಡಗಿನಲ್ಲಿ ಸುತ್ತಿ ಬರಬಹುದು ಎಂದು ಹೇಳಿದರು. ಬುದ್ಧಿ ಇದ್ದವರೆಲ್ಲ ಮೋಟರ್‌ಸೈಕಲ್ ಒಯ್ದರು. ಹಡಗು ಬೇಕೆಂದವನು ನಮ್ಮ ಮಾವನೊಬ್ಬನೇ.

ಜೊತೆಗೆ ನನ್ನನ್ನು ಕರೆದ. ನಾನು ಅವನ ತಂಗಿಯ ಮಗ, ಉದಗೀರದಲ್ಲಿ ಶಾಲಾ ಮಾಸ್ತರ. ಅವ್ವ ತೀರಿಕೊಂಡ ಮೇಲೆ ಒಬ್ಬನೇ ಇದ್ದೇನೆ. ಮದುವೆಯ ಗೊಡವೆಗೆ ಹೋಗಲಿಲ್ಲ. ಪುಸ್ತಕ, ಮೌನ ಮತ್ತು ಖಾನಾವಳಿಯ ಡಬ್ಬಿ, ಇವು ಮೂರಿದ್ದರೆ ನನಗೆ ಯಾರ ಹಂಗೂ ಇಲ್ಲ ಎಂದುಕೊಂಡವನು. ಬೇಸಿಗೆ ರಜೆ ಇತ್ತು, ಹೂಂ ಎಂದೆ. ಆದರೆ ಮಾವ ನನ್ನನ್ನೇ ಯಾಕೆ ಕರೆದ ಎಂಬುದು ನನಗೆ ಆಗಲೇ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಮಾವನಿಗೆ ಒಬ್ಬನೇ ಉಣ್ಣಲು ಬರುವುದಿಲ್ಲ.

ಇದು ಚಟವೋ, ವ್ರತವೋ, ರೋಗವೋ ನೀವೇ ಹೇಳಿ. ಅತ್ತೆ ಹೋಗಿ ಮೂರು ವರ್ಷ, ಮಕ್ಕಳಿಲ್ಲ. ಮಧ್ಯಾಹ್ನ ಒಂದು ಗಂಟೆಯಾದರೆ ಸಾಕು, ಮಾವ ಅಂಗಡಿ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಾನೆ. ಬಸ್ ತಪ್ಪಿಸಿಕೊಂಡವರು, ಅರಿವೆ ಮಾರುವವರು, ಯಾರಾದರೂ ಸರಿ, ಕೈ ಹಿಡಿದು ಒಳಗೆ ಕರೆತಂದು ಎಲೆ ಹಾಕಿಬಿಡುತ್ತಾನೆ. ಅವರು ಮೊದಲ ತುತ್ತು ಬಾಯಿಗಿಡುವ ತನಕ ತಾನು ಅನ್ನ ಮುಟ್ಟುವುದಿಲ್ಲ. ಕರೆದವನು ಮೊದಲು ಉಣ್ಣಬಾರದಂತೆ! ಒಮ್ಮೆ ಗುಂಜೋಟಿಯವನೊಬ್ಬ ಟಾಕಿ ಸೋರುತ್ತದೆ ಎಂದು ಜಗಳಕ್ಕೆ ಬಂದ. ಮಾವ ಅವನನ್ನು ಊಟಕ್ಕೆ ಕೂರಿಸಿದ. ಮೂರು ರೊಟ್ಟಿ, ಪುಂಡಿ ಪಲ್ಯ, ಮೇಲೊಂದು ಲೋಟ ಮಜ್ಜಿಗೆ ಆದ ಮೇಲೆ ಆ ಪುಣ್ಯಾತ್ಮ ಅದೇ ಸೋರುವ ಟಾಕಿಯನ್ನು ಗಾಡಿಯಲ್ಲಿ ಹೇರಿಕೊಂಡು ನಗುನಗುತ್ತ ಊರಿಗೆ ಹೋದ.

ಇಂಥವನು ಹಡಗು ಹತ್ತಿದ. ಮೊದಲ ದಿನವೇ ಕೋಣೆಯಲ್ಲಿದ್ದ ಬಾಟಲಿ, ಜಗ್ಗು, ಲೋಟ, ಕೊನೆಗೆ ಹೂದಾನಿಯನ್ನೂ ಬಿಡದೆ ನೀರು ತುಂಬಿಟ್ಟ. ನಾಳೆ ನಳ ಬರದಿದ್ದರೆ? ನಾವು ತಿರುಗಾಡಲು ಹೋದಾಗ ಕೋಣೆ ಗುಡಿಸುವವರು ಅದನ್ನೆಲ್ಲ ಚೆಲ್ಲಿ, ಪಾತ್ರೆ ಒರೆಸಿ ಸಾಲಾಗಿ ಇಟ್ಟು ಹೋದರು. ಮಾವ ಬಂದು ನೋಡಿದ. ಮನೆಯಲ್ಲಿ ಕಳವಾದವನ ಹಾಗೆ ಮಂಚದ ಮೇಲೆ ಕೂತುಬಿಟ್ಟ. ಸ್ನಾನಕ್ಕೆ ಬಕೀಟು ಕೇಳಿದರೆ ಅವರು ಬರ್ಫದ ಗಡ್ಡೆ ಇಡುವ ಮಿರಮಿರ ಮಿಂಚುವ ಪುಟ್ಟ ಬಕೀಟು ತಂದುಕೊಟ್ಟರು. ಇಪ್ಪತ್ತೊಂದು ದಿನ ಮಾವ ಅದರಲ್ಲೇ ಸ್ನಾನ ಮುಗಿಸಿದ, ಅದರಲ್ಲೂ ಅರ್ಧ ಉಳಿಸಿ!

ನಾಲ್ಕೈದು ದಿನದಲ್ಲಿ ನಮ್ಮ ಸುತ್ತಲಿನ ಊರುಗಳ ಹೆಸರಿಟ್ಟು ಹಡಗನ್ನೇ ಊರು ಮಾಡಿಕೊಂಡ. ಗಾಳಿ ಬಡಿಯುವ ಮುಂಭಾಗ ಲೋಹಾರಾ, ಹಿಂಭಾಗ ನಿಲಂಗಾ, ಸದಾ ಜನ ಗಿಜಿಗುಡುವ ಲಿಫ್ಟಿನ ಜಾಗ ಕಾಸಾರಶಿರಸಿ ಬಸ್ ಸ್ಟ್ಯಾಂಡ್. ಬೆಳಿಗ್ಗೆದ್ದು ಹಡಗಿನ ಸುತ್ತ ಇಪ್ಪತ್ತು ಸುತ್ತು ಹಾಕಿ, ಗುಂಜೋಟಿಗೆ ನಡೆದು ಮುಟ್ಟಿದಷ್ಟಾಯಿತು ಎನ್ನುತ್ತಿದ್ದ. ಸುತ್ತಲೂ ಸಮುದ್ರವಿರುವಾಗ ಹಡಗಿನ ಮೇಲೊಂದು ಈಜುಕೊಳವನ್ನೂ ಕಟ್ಟಿದ್ದಾರಲ್ಲ, ಅದರ ಮುಂದೆ ಅರ್ಧ ಗಂಟೆ ಸುಮ್ಮನೆ ನಿಂತ. ಎಷ್ಟು ಲೀಟರ್ ಹಿಡಿಯುತ್ತದೆಂದು ಕಣ್ಣಳತೆಯಲ್ಲೇ ಲೆಕ್ಕ ಹಾಕಿದನೆಂದು ಕಾಣುತ್ತದೆ. ಹಡಗಿನವರು ಸಮುದ್ರದ ಉಪ್ಪು ನೀರನ್ನೇ ಸಿಹಿ ಮಾಡಿ ಬಳಸುತ್ತಾರೆ ಎಂದು ತಿಳಿದಾಗ ಮಾತ್ರ ಮುಖ ಬಾಡಿತು. ಈ ವಿದ್ಯೆ ಉಮರ್ಗಾಕ್ಕೆ ಬಂದರೆ ಟಾಕಿ ಯಾರು ಕೊಳ್ಳುತ್ತಾರೆ?

ಇಷ್ಟೆಲ್ಲ ಮಾಡಿಕೊಂಡರೂ ಒಂದು ಗಂಟೆಯಾದಾಗ ಹಡಗು ಊರಾಗುತ್ತಿರಲಿಲ್ಲ. ಎರಡು ಸಾವಿರ ಜನ, ಎಲ್ಲರ ಕೈಯಲ್ಲೂ ತುಂಬಿದ ತಟ್ಟೆ, ಎಲ್ಲರಿಗೂ ತಮ್ಮ ತಮ್ಮ ಮೇಜು. ಉಣ್ಣಲು ಬನ್ನಿ ಎಂದು ಯಾರನ್ನು ಕರೆಯುತ್ತೀರಿ? ಕರೆಯುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಬರಗಾಲ ಇದೆಯೇ? ಬಡಿಸುತ್ತಿದ್ದ ಗೋವಾದ ಮಾಣಿಯೊಬ್ಬನಿಗೆ ಮರಾಠಿ ಬರುತ್ತದೆಂದು ಗೊತ್ತಾದದ್ದೇ ತಡ, ಮಾವ ಅವನಿಗೇ ಕುರ್ಚಿ ಎಳೆದ. ಪ್ರವಾಸಿಗರ ಜೊತೆ ಕೂತರೆ ನನ್ನ ನೌಕರಿ ಹೋಗುತ್ತದೆ ಕಾಕಾ ಎಂದು ಆ ನಡುವಯಸ್ಸಿನ ಮನುಷ್ಯ ಕೈಮುಗಿದ. ಎದುರು ಕೋಣೆಯ ವಿದೇಶಿ ಮುದುಕ ಮುದುಕಿಗೆ ಮಾವ ಊರಿಂದ ತಂದ ಕಡಕ್ ರೊಟ್ಟಿ ಎರಡು ಕೊಟ್ಟ. ಅವರು ಬಹಳ ಸಂತೋಷಪಟ್ಟರು. ಸಂಜೆ ಅದರ ಮೇಲೆ ಹಣ್ಣಿನ ಹೋಳು ಇಟ್ಟುಕೊಂಡು ತಿಂದರು, ರೊಟ್ಟಿಯನ್ನು ಚೆನ್ನಾಗಿ ಒರೆಸಿದರು, ನಿಮ್ಮ ತಟ್ಟೆ ಬಹಳ ಚೆಂದ ಇವೆ ಎಂದು ಎರಡನ್ನೂ ವಾಪಸ್ ತಂದುಕೊಟ್ಟರು!

ಉಳಿದವನು ನಾನೊಬ್ಬ. ಎಲ್ಲ ಭಾರವೂ ನನ್ನ ಹೊಟ್ಟೆಯ ಮೇಲೆಯೇ ಬಿತ್ತು. ಮೂರು ಹೊತ್ತೂ ಎದುರಿಗೆ ಕೂರಿಸಿಕೊಂಡು, ಇನ್ನೊಂದು ಹಾಕ್ಕೋ, ಮತ್ತೊಂದು ಹಾಕ್ಕೋ. ನಾನು ಎಷ್ಟೋ ವರ್ಷಗಳಿಂದ ಮಾತಿಲ್ಲದೆ ಉಂಡವನು. ಎದುರಿಗೆ ಒಬ್ಬರು ಕೂತು ನನ್ನ ತುತ್ತನ್ನೇ ನೋಡಿದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಒಂಬತ್ತನೆಯ ದಿನ ಸುಳ್ಳು ಹೇಳಿದೆ: ಸಮುದ್ರ ನನಗೆ ಒಗ್ಗುತ್ತಿಲ್ಲ, ಹೊಟ್ಟೆ ಸರಿಯಿಲ್ಲ, ಇನ್ನು ಊಟದ ಹೊತ್ತಿಗೆ ನನ್ನನ್ನು ಕಾಯಬೇಡ. ನಾನು ಪುಸ್ತಕ ಹಿಡಿದು ಮೇಲಿನ ಅಂತಸ್ತಿನ ಉಪಾಹಾರದ ಮೂಲೆ ಸೇರಿದೆ.

ಅಲ್ಲಿ ಸುಖವಾಗಿದ್ದೆನೇ? ಇರಬೇಕಿತ್ತು. ಎಲ್ಲಿ ನೋಡಿದರೂ ನೀರು, ಒಂದು ಹಕ್ಕಿಯೂ ಇಲ್ಲ. ಪಕ್ಕದ ಮೇಜಿನಲ್ಲಿ ಯಾವುದೋ ಕುಟುಂಬ ಯಾವುದೋ ಭಾಷೆಯಲ್ಲಿ ನಗುತ್ತಿತ್ತು. ಓದಿದ ಪುಟವನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಉದಗೀರದ ನನ್ನ ಕೋಣೆಯಲ್ಲಿ ಈ ಮೌನ ನನ್ನದಾಗಿತ್ತು. ಇಲ್ಲಿ ಅದು ಯಾರದ್ದೋ ಮನೆಯ ಮೌನದಂತೆ ಇತ್ತು. ಆದರೂ ಕೆಳಗಿಳಿಯಲಿಲ್ಲ. ನಾನು ಹಟಮಾರಿ, ಇದನ್ನು ಮುಚ್ಚಿಟ್ಟು ಏನು ಮಾಡಲಿ?

ಹೀಗೆ ಐದು ದಿನ ಕಳೆದವು. ಹದಿನಾಲ್ಕನೆಯ ದಿನ ಮಧ್ಯಾಹ್ನ ಗೋವಾದ ಮಾಣಿ ನನ್ನನ್ನು ಹುಡುಕಿಕೊಂಡು ಮೇಲೆ ಬಂದ. ನಿಮ್ಮ ಕಾಕಾ ದಿನಾಲೂ ಕಿಟಕಿ ಪಕ್ಕದ ಇಬ್ಬರ ಮೇಜು ಹಿಡಿಯುತ್ತಾರೆ, ಎರಡು ತಟ್ಟೆ ಬಡಿಸಿಕೊಳ್ಳುತ್ತಾರೆ, ಅಳಿಯ ಈಗ ಬರುತ್ತಾನೆ ಎನ್ನುತ್ತ ಎರಡು ತಾಸು ಕೂರುತ್ತಾರೆ, ಆಮೇಲೆ ಬರೀ ಮಜ್ಜಿಗೆ ಕುಡಿದು ಎದ್ದು ಹೋಗುತ್ತಾರೆ ಎಂದ. ಎರಡೂ ತಟ್ಟೆ ಬಡಿಸಿದ ಹಾಗೇ ವಾಪಸ್ ಬರುತ್ತಿದ್ದವಂತೆ.

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ. ದಡದಡ ಕೆಳಗಿಳಿದು ಹೋದೆ. ಮಾವ ಕೂತಿದ್ದ, ಮುಂದೆ ಎರಡು ತಟ್ಟೆ. ನಿಂತಲ್ಲೇ ಶುರು ಮಾಡಿದೆ: ಒಬ್ಬನೇ ಉಣ್ಣಲು ಬರದಿದ್ದರೆ ಪೇಟೆಯ ಯಾರಾದರೂ ಮಾತುಗಾರನನ್ನು ಕರೆತರಬೇಕಿತ್ತು, ನಿನ್ನ ಜೊತೆಗೆಂದು ನನ್ನನ್ನು ಯಾಕೆ ಎಳೆದು ತಂದೆ? ಮಾವ ಪೂರ್ತಿ ಕೇಳಿಸಿಕೊಂಡ.

"ನನ್ನ ಜೊತಿಗಿ ನಿನ್ನ ತಂದೀನಿ ಅಂತ ತಿಳದಿ ಏನು?" ಎಂದ. "ನನಗೇನೋ ತಮ್ಮಾ, ಉಮರ್ಗಾದಾಗ ಬಾಗಲಾ ತೆಗದ್ರ ಹತ್ತು ಮಂದಿ ಸಿಗ್ತಾರ. ನಿನಗ ಯಾರ ಅದಾರ?"

ಮಾವ ತಟ್ಟೆ ನೋಡುತ್ತಲೇ ಮಾತಾಡಿದ.

"ಹ್ವಾದ ವರ್ಷ ಉದಗೀರಕ್ಕ ಟಾಕಿ ಇಳಸಾಕ ಬಂದಿದ್ದೆ. ಊಟದ ಹೊತ್ತು, ನಿನ್ನ ಕಡಿ ಹೋಗೋಣು ಅಂತ ಬಂದೆ. ಕಿಡಕಿ ತೆರದಿತ್ತು. ನೀ ಒಲಿ ಕಟ್ಟಿ ಮುಂದ ನಿಂತು ಡಬ್ಬಿ ಒಳಗಿಂದನ ಉಣ್ಣಾಕತ್ತಿದ್ದಿ. ಗ್ವಾಡಿ ಕಡಿ ಮಾರಿ ಮಾಡಿ. ನಾ ಕದಾ ಬಡೀಲಿಲ್ಲ."

"ಯಾಕ?"

"ನಾ ನೋಡೀನಂತ ತಿಳದ್ರ ನೀ ನಾಚತಿದ್ದಿ. ಹಂಗೇ ತಿರಿಗಿ ಹೋದೆ."

ಏನಾದರೊಂದು ಹೇಳಬೇಕಿತ್ತು. ಬರಗಾಲ ನೋಡು ಮಾವಾ, ತಾಟು ತೊಳೆಯಲು ನೀರು ಎಲ್ಲಿತ್ತು ಎಂದೆ. ನನ್ನ ದನಿ ನನಗೇ ಸುಳ್ಳೆನಿಸಿತು.

"ಕುಂದರಾಕೂ ನೀರ ಬೇಕೇನೋ?" ಎಂದ ಮಾವ, ಬಹಳ ಮೆತ್ತಗೆ.

ಅವ್ವ ಹೋದ ಮೇಲೆ ನಾನು ಹೇಗೆ ಉಣ್ಣುತ್ತೇನೆಂದು ಯಾರೂ ಕೇಳಿರಲಿಲ್ಲ. ಕೇಳಲಿ ಎಂದು ನಾನೂ ಬಯಸಿರಲಿಲ್ಲ, ಅಥವಾ ಹಾಗೆ ಹೇಳಿಕೊಂಡು ಬಂದಿದ್ದೆ. ಒಬ್ಬ ಮನುಷ್ಯ ಅದನ್ನು ಕಿಟಕಿಯಿಂದ ನೋಡಿ, ಯಾರಿಗೂ ಹೇಳದೆ, ಒಂದು ವರ್ಷ ಎದೆಯಲ್ಲಿಟ್ಟುಕೊಂಡು, ಕೊನೆಗೆ ನನ್ನನ್ನು ಕೂರಿಸಿ ಉಣ್ಣಿಸಲು ಒಂದು ಸಮುದ್ರವನ್ನೇ ಆರಿಸಿಕೊಂಡಿದ್ದ. ನನ್ನ ಕಣ್ಣು ತುಂಬಿ ಬಂದವು. ಕುರ್ಚಿ ಎಳೆದುಕೊಂಡು ಕೂತೆ. ಅನ್ನ ಆರಿ ತಣ್ಣಗಾಗಿತ್ತು. ನಾನು ಮೊದಲ ತುತ್ತು ಬಾಯಿಗಿಟ್ಟೆ, ಆಮೇಲೆ ಮಾವ ಉಂಡ.