ಕೊರಿಯಾದ ಹಾಡು, ಖಫ್ಜಿ ರಸ್ತೆಯ ಒಂಟೆ

ಮನುಷ್ಯನ ಬುದ್ಧಿ ಇರುವುದು ತಲೆಯಲ್ಲಿ ಎಂದು ನಾನು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಪಾಸೂ ಆಗಿದ್ದೇನೆ. ಈಚೆಗೆ ಅದರಲ್ಲಿ ಸಂಶಯ ಬಂದಿದೆ. ಕಳೆದ ಚಳಿಗಾಲದಿಂದ ನನ್ನ ಬಲಗಾಲು ತಲೆಯನ್ನು ಕೇಳದೆ ತನ್ನಷ್ಟಕ್ಕೆ ಯೋಚಿಸುತ್ತಿದೆ. ಸೋಫಾದಲ್ಲಿ ಹಾಯಾಗಿ ಕೂತಿರುತ್ತೇನೆ. ಡಿಶ್‌ನ ಯಾವುದೋ ಚಾನಲ್‌ನಲ್ಲಿ ಹಾಡು ಬರುತ್ತದೆ. ಡ್ರಮ್ಮು ಒಂದು ಬಗೆಯಲ್ಲಿ ಧಡಧಡ ಬಡಿದು ಥಟ್ಟನೆ ನಿಂತರೆ ಮುಗಿಯಿತು, ನನ್ನ ಬಲಗಾಲು ನೆಲವನ್ನು ಇದ್ದ ಬಲವೆಲ್ಲ ಹಾಕಿ ಒತ್ತುತ್ತದೆ. ಕೈಯಲ್ಲಿದ್ದ ಚಹಾ ಲುಂಗಿಯ ಮೇಲೆ. ಕಾರ್ಪೆಟ್ಟಿನಲ್ಲಿ ಆ ಜಾಗ ಈಗಾಗಲೇ ಸವೆದು ಬೆಳ್ಳಗಾಗಿದೆ. ಮನೆಗೆ ಬಂದವರು ಅತ್ತ ನೋಡಿದರೆ ನನ್ನ ಹೆಂಡತಿ ಸೆಲಿನ್, "ಅದು ನಮ್ಮವರ ಬ್ರೇಕ್" ಎಂದು ಪರಿಚಯ ಮಾಡಿಸುತ್ತಾಳೆ.

ಇದಕ್ಕೆಲ್ಲ ಕಾರಣ ಕೊರಿಯಾದ ಐದು ಹುಡುಗರು. ಅವರು ಅಲ್ಲಿ ಹಾಡಿಕೊಂಡು ಕುಣಿದುಕೊಂಡು ಇದ್ದಾರೆ. ಲೋಬೊ ಎಂಬವನೊಬ್ಬ ಸೌದಿಯ ರಾಸ್ ತನೂರಾದ ಪಕ್ಕದಲ್ಲಿ ತಮ್ಮಿಂದಾಗಿ ಚಹಾ ಚೆಲ್ಲಿಕೊಳ್ಳುತ್ತಿದ್ದಾನೆಂದು ಪಾಪ, ಅವರಿಗೆ ಗೊತ್ತಿಲ್ಲ.

ನಾನು ಇಲ್ಲಿ ಒಂದು ಕೊರಿಯನ್ ಕಂಪನಿಯಲ್ಲಿ ಸಾಮಾನು ಸರಂಜಾಮಿನ ವ್ಯವಹಾರ ನೋಡಿಕೊಳ್ಳುವವ. ವಾಲ್ವು, ಗ್ಯಾಸ್ಕೆಟ್ಟು, ಕೇಬಲ್ಲು ಎಲ್ಲಿಂದ ಬರಬೇಕು, ಯಾಕೆ ಬಂದಿಲ್ಲ ಎಂದು ಹೇಳುವುದು ನನ್ನ ಕೆಲಸ. ಹೆಚ್ಚಾಗಿ ಯಾಕೆ ಬಂದಿಲ್ಲ ಎಂದೇ ಹೇಳುತ್ತೇನೆ. ಅಲ್ ಖಫ್ಜಿಯಲ್ಲಿ ನಮ್ಮದೊಂದು ಸೈಟ್ ಇದೆ. ಅಲ್ಲಿಗೆ ವಾರಕ್ಕೊಮ್ಮೆಯಾದರೂ ಹೋಗಿಬರಬೇಕು. ಮರುಭೂಮಿಯ ನಡುವೆ ಗೆರೆ ಎಳೆದಂಥ ರಸ್ತೆ. ತಿರುವಿಲ್ಲ, ಮರವಿಲ್ಲ, ನೋಡಲು ಏನೂ ಇಲ್ಲ. ಡ್ರೈವರ್ ನಿದ್ದೆ ಹೋಗುವುದೇ ಅಲ್ಲಿನ ದೊಡ್ಡ ಅಪಾಯ. ಹಾಗಾಗಿ ಕಂಪನಿ ಒಂದು ನಿಯಮ ಮಾಡಿತ್ತು: ಯಾರೂ ಒಬ್ಬರೇ ಹೋಗಕೂಡದು, ಗಾಡಿ ಓಡಿಸುವವನನ್ನು ಮಾತಾಡಿಸುತ್ತಾ ಎಚ್ಚರ ಇಡಲು ಪಕ್ಕದಲ್ಲಿ ಇನ್ನೊಬ್ಬ ಇರಲೇಬೇಕು. ನಮ್ಮ ಪಿಕಪ್ ಓಡಿಸುತ್ತಿದ್ದವರು ಇನ್‌ಸ್ಟ್ರುಮೆಂಟ್ ಎಂಜಿನಿಯರ್ ಪಾರ್ಕ್. ಪಕ್ಕದಲ್ಲಿ ಕೂತು ಅವರನ್ನು ಎಚ್ಚರ ಇಡುತ್ತಿದ್ದವ ನಾನು. ಬಿ.ಎಸ್ಸಿ. ಮಾಡಿದ್ದು ಇದಕ್ಕೇ ಎಂದು ಊರಿನಲ್ಲಿ ಯಾರಿಗೂ ಹೇಳಿಲ್ಲ.

ಮೊದಮೊದಲು ನಾನು ಪಾರ್ಕರಿಗೆ ನಮ್ಮ ಊರಿನ ಕತೆ ಹೇಳುತ್ತಿದ್ದೆ. ಕಿನ್ನಿಗೋಳಿಯ ನಮ್ಮ ಮನೆ, ಬಾವಿ, ಇಗರ್ಜಿಯ ಗಾಯನ ಮಂಡಳಿಯಲ್ಲಿ ನಾನು ಕೆಳಸ್ವರದಲ್ಲಿ ಹಾಡುತ್ತಿದ್ದದ್ದು. ಬಾವಿಯ ತನಕ ಬರುವಷ್ಟರಲ್ಲಿ ಅವರ ಕಣ್ಣು ಎಳೆಯುತ್ತಿತ್ತು. ನನ್ನ ಮಾತಿಗೆ ಇರುವ ಈ ಗುಣ ಸೆಲಿನ್‌ಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಆಮೇಲೆ ಒಂದು ದಿನ ಪಾರ್ಕ್ ಕಿಸೆಯಿಂದ ಒಂದು ಕ್ಯಾಸೆಟ್ ತೆಗೆದು ಸ್ವಲ್ಪ ನಾಚಿಕೊಂಡೇ ಗಾಡಿಯ ಸ್ಟೀರಿಯೋಗೆ ಹಾಕಿದರು.

ಕ್ಯಾಸೆಟ್ ಅವರ ಮಗಳು ಸುಜಿನ್‌ಳದು. ಹದಿಮೂರು ವರ್ಷದ ಹುಡುಗಿ, ತಾಯಿಯ ಜೊತೆ ಸಿಯೋಲ್‌ನಲ್ಲಿ ಇರುವವಳು. ಅವಳು ನಡೆಯಲು ಕಲಿಯುವ ಮೊದಲೇ ಪಾರ್ಕ್ ಗಲ್ಫಿಗೆ ಬಂದಿದ್ದರು. ಹಿಂದೆ ಹೋಗೋಣವೆಂದರೆ ಆ ವರ್ಷ ಅವರ ದೇಶದಲ್ಲಿ ಕಂಪನಿಗಳು ಒಂದರ ಹಿಂದೆ ಒಂದು ಬಾಗಿಲು ಹಾಕುತ್ತಿದ್ದವು. ಶುಕ್ರವಾರ ಶುಕ್ರವಾರ ಫೋನು. ಮಗಳು ಚಿಕ್ಕವಳಿದ್ದಾಗ ಬಾಯಿತುಂಬ ಮಾತಾಡುತ್ತಿದ್ದಳಂತೆ. ಈಗ ಅಪ್ಪ ಏನು ಕೇಳಿದರೂ ಹೂಂ ಅನ್ನುತ್ತಾಳೆ, ಉಹೂಂ ಅನ್ನುತ್ತಾಳೆ, ಅಮ್ಮನ ಕೈಗೆ ಕೊಡುತ್ತಾಳೆ. ಅವಳ ಮಾತೆಲ್ಲ ಈ ಐದು ಹುಡುಗರ ಹಾಡಿನ ತಂಡಕ್ಕೆ ಮೀಸಲಾಗಿತ್ತು. ಪಾರ್ಕ್ ಹೊಸ ವರ್ಷಕ್ಕೆ ರಜೆಯಲ್ಲಿ ಬರುತ್ತೇನೆ ಎಂದಾಗ, ಏರ್‌ಪೋರ್ಟಿಗೆ ಬರಲು ಪುರುಸೊತ್ತಿಲ್ಲ, ಅವತ್ತು ಅವರ ಕಾರ್ಯಕ್ರಮದ ಟಿಕೆಟ್ಟಿಗೆ ಕ್ಯೂ ನಿಲ್ಲಬೇಕು ಎಂದಳಂತೆ. ಪಾರ್ಕ್ ಗೋಗರೆದರು. ಕೊನೆಗೆ ಅವಳು ಒಂದು ಷರತ್ತು ಹಾಕಿದಳು. ಅಪ್ಪ ಐದೂ ಹುಡುಗರ ಸ್ವರ ಕೇಳಿ ಯಾರು ಯಾರೆಂದು ಗುರುತಿಸಬೇಕು, ಪಲ್ಲವಿಯ ಕುಣಿತವನ್ನು ಏರ್‌ಪೋರ್ಟಿನಲ್ಲೇ ತಪ್ಪಿಲ್ಲದೆ ಮಾಡಿ ತೋರಿಸಬೇಕು. ಒಪ್ಪಿದರೆ ಬರುತ್ತೇನೆ.

ಕಂಟ್ರೋಲ್ ರೂಮಿನ ನೂರಾರು ಮೀಟರುಗಳನ್ನು ಒಂದೇ ನೋಟಕ್ಕೆ ಗುರುತಿಸುವ ಮನುಷ್ಯ ಐದು ಹುಡುಗರ ಮುಂದೆ ಸೋತು ಕೂತಿದ್ದರು. ನಾನು ಗಾಯನ ಮಂಡಳಿಯವ ಎಂದು ಒಮ್ಮೆ ಹೇಳಿಕೊಂಡ ತಪ್ಪಿಗೆ, ಅವರಿಗೆ ಗುರುವಾಗಿಬಿಟ್ಟೆ.

ಹೀಗೆ ಆ ಐವರ ಚರಿತ್ರೆ ನನಗೆ ಖಫ್ಜಿಯ ರಸ್ತೆಯಲ್ಲಿ ಕಂತು ಕಂತಾಗಿ ಸಿಕ್ಕಿತು. ಅವರು ತಾವಾಗಿ ಸೇರಿದ ಗೆಳೆಯರಲ್ಲ. ಒಂದು ಕಂಪನಿ ಶಾಲೆ ಶಾಲೆಗೆ ಹೋಗಿ ಹುಡುಗರನ್ನು ಆರಿಸಿ ತಂದು, ಒಟ್ಟಿಗೆ ಒಂದು ಮನೆಯಲ್ಲಿಟ್ಟು, ಬೆಳಗಿನಿಂದ ಹಾಡು, ಕುಣಿತ, ಶಿಸ್ತು ಎಲ್ಲ ಕಲಿಸಿತಂತೆ. ಮನೆಗೆ ಹೋಗುವ ಹಾಗಿಲ್ಲ, ಹುಡುಗಿಯರ ಜೊತೆ ಮಾತಾಡುವ ಹಾಗಿಲ್ಲ. ಇದನ್ನು ಸೆಲಿನ್‌ಗೆ ಹೇಳಿದಾಗ ಅವಳು ಮೀನಿನ ಮುಳ್ಳು ತೆಗೆಯುತ್ತಾ, "ನಮ್ಮ ಸೆಮಿನರಿಯ ಹಾಗೆಯೇ ಉಂಟಲ್ಲ. ಕೊನೆಗೆ ಪಾದ್ರಿ ಆಗುವುದಿಲ್ಲ, ಅಷ್ಟೇ" ಎಂದಳು.

ಮೊದಲ ವರ್ಷ ಅವರು ಸಿಟ್ಟಿನ ಹುಡುಗರು. ಶಾಲೆ, ಮೇಷ್ಟ್ರು, ಪರೀಕ್ಷೆ ಎಲ್ಲವನ್ನೂ ಬೈಯುವ ಹಾಡು. ದೇಶದ ಮಕ್ಕಳೆಲ್ಲ ಅದನ್ನು ಬಾಯಿಪಾಠ ಮಾಡಿದರು. ಪಾಠವನ್ನು ಹಾಗೆ ಬಾಯಿಪಾಠ ಮಾಡಿದ್ದರೆ ಆ ಹಾಡಿನ ಅಗತ್ಯವೇ ಇರುತ್ತಿರಲಿಲ್ಲ ಎಂದು ಪಾರ್ಕ್ ಗೊಣಗುತ್ತಿದ್ದರು. ಎರಡನೆಯ ವರ್ಷ ಸಿಟ್ಟು ಬಿಟ್ಟು ನಗುನಗುತ್ತಾ ಬಂದರು. ಒಬ್ಬೊಬ್ಬನಿಗೆ ಒಂದೊಂದು ಬಣ್ಣದ ದೊಗಳೆ ಕವರಾಲ್, ಕಣ್ಣಿಗೆ ದೊಡ್ಡ ಕನ್ನಡಕ, ಕೈಗೆ ಗವಸು. ಫೋಟೋ ನೋಡಿದಾಗ ನನಗೆ ನಮ್ಮ ಪ್ಲಾಂಟಿನ ವೆಲ್ಡರುಗಳ ನೆನಪಾಯಿತು. ನಮ್ಮ ಸೇಫ್ಟಿ ಆಫೀಸರ್ ನೋಡಿದ್ದರೆ ಗೋಡೆಗೆ ಅಂಟಿಸುತ್ತಿದ್ದ. ಮೂರನೆಯ ವರ್ಷ ಬಿಳಿ ಬಟ್ಟೆ, ಪಿಯಾನೋ, ಅಳುವ ಹಾಡುಗಳು. ಅಭಿಮಾನಿ ಹುಡುಗಿಯರು ಒಂದೇ ಬಣ್ಣದ ಬಲೂನು ಹಿಡಿದು ಸಾಲಾಗಿ ನಿಂತು ಅಳುತ್ತಾರಂತೆ. ಬೇರೆ ತಂಡದ ಕಡೆಯವರದು ಬೇರೆ ಬಣ್ಣ. ಬಣ್ಣ ತಪ್ಪಿ ಆ ಕಡೆ ಕೂತರೆ ಜುಟ್ಟು ಉಳಿಯುವುದು ಕಷ್ಟ.

ಹಾಡಿನ ರೀತಿಯ ಬಗ್ಗೆ ನನಗೆ ಮೊದಲು ಬಹಳ ತಾತ್ಸಾರವಿತ್ತು. ಒಂದೇ ಹಾಡಿನಲ್ಲಿ ನಾಲ್ಕು ಹಾಡು. ಸುರುವಿಗೆ ಒಬ್ಬ ಉಸಿರು ಬಿಡದೆ ಮಾತಾಡುತ್ತಾನೆ. ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಊರುಗಳ ಹೆಸರು ಕೂಗುವ ವೇಗ. ಅವನು ಎಲ್ಲಿ ಸಾಯುತ್ತಾನೋ ಅನ್ನುವಾಗ ಇನ್ನೊಬ್ಬ ಜೇನು ಸುರಿದಂತೆ ರಾಗ ಎಳೆಯುತ್ತಾನೆ. ಆಮೇಲೆ ಐವರೂ ಸೇರಿ ಪಲ್ಲವಿ. ನಡುವೆ ಡ್ರಮ್ಮು ಧಡಧಡ ಬಡಿದು ಥಟ್ಟನೆ ನಿಲ್ಲುತ್ತದೆ. ಆ ಮೌನದಲ್ಲಿ ಐವರೂ ಒಂದೇ ಭಂಗಿಯಲ್ಲಿ ಕಲ್ಲಾಗಿ ನಿಲ್ಲಬೇಕು. ಕೇಳುತ್ತಾ ಕೇಳುತ್ತಾ ಇದರಲ್ಲಿ ಲೆಕ್ಕಾಚಾರ ಇದೆ ಅನ್ನಿಸಿತು. ನಮ್ಮ ಮದುವೆಗಳಲ್ಲಿ ಬ್ರಾಸ್ ಬ್ಯಾಂಡಿನವರು ಒಂದೇ ಯೂನಿಫಾರ್ಮ್ ಹಾಕಿ ಮದುಮಕ್ಕಳ ಮುಂದೆ ಹೆಜ್ಜೆ ಹಾಕುವುದಿಲ್ಲವೇ? ಒಂದು ವಾಲ್ಟ್ಜ್, ಎಲ್ಲರನ್ನೂ ಕುಣಿಸುವ ಒಂದು ಬೈಲಾ, ಮುದುಕರಿಗೆಂದು ಒಂದು ನಿಧಾನದ್ದು. ಊಟಕ್ಕೆ ಏಳುವ ತನಕ ಯಾರೂ ಕದಲಬಾರದು ಎಂಬ ಲೆಕ್ಕ. ಈ ಕೊರಿಯಾದವರು ಅದನ್ನೆಲ್ಲ ಒಂದೇ ಹಾಡಿಗೆ ತುಂಬಿದ್ದರು, ಅಷ್ಟೇ.

ಸ್ವರ ಗುರುತಿಸುವ ಪಾಠ ಚೆನ್ನಾಗಿಯೇ ನಡೆಯಿತು. ತೊಂದರೆ ಕುಣಿತದ್ದು. ಪಾರ್ಕ್ ಒಂದು ಗುರುವಾರ ನಮ್ಮ ಮನೆಗೆ ಊಟಕ್ಕೆ ಬಂದು, ಸೆಲಿನ್ ಮಾಡಿದ ಕೋಳಿ ಸಾರು, ಇಡ್ಲಿಯಂಥ ಸನ್ನ ತಿಂದು, ಇದೇ ಕಾರ್ಪೆಟ್ಟಿನ ಮೇಲೆ ಕುಣಿದು ತೋರಿಸಿದರು. ಎಡಗೈ ಹಣೆಗೆ, ಬಲಗೈ ಮುಂದಕ್ಕೆ ತಳ್ಳಬೇಕು, ಎರಡೂ ಕೈ ಅಡ್ಡಹಾಯಬೇಕು, ಡ್ರಮ್ಮು ನಿಲ್ಲುವಾಗ ಎರಡೂ ಅಂಗೈ ಎದೆಗೆ. ಪಾರ್ಕರ ಕೈ ಯಾವಾಗಲೂ ಡ್ರಮ್ಮಿಗಿಂತ ಒಂದಿಷ್ಟು ತಡವಾಗಿ ಬರುತ್ತಿತ್ತು. ಸೆಲಿನ್ ಸೌಟು ಹಿಡಿದು ತಾಳ ಹಾಕಿ ನೋಡಿದಳು. ಪ್ರಯೋಜನವಾಗಲಿಲ್ಲ. ರಜೆ ಹತ್ತಿರ ಬರುತ್ತಿತ್ತು. ಪಾರ್ಕ್ ಊಟದಲ್ಲಿ ಚಮಚ ಹಿಡಿದುಕೊಂಡೇ ಅಭ್ಯಾಸ ಮಾಡತೊಡಗಿದರು.

ಖಫ್ಜಿಯಿಂದ ವಾಪಸು ಬರುವಾಗ ಅದು ಆಯಿತು. ಸೂರ್ಯ ಮುಳುಗಿ ಸ್ವಲ್ಪವೇ ಹೊತ್ತಾಗಿತ್ತು. ರಸ್ತೆ, ಮರಳು, ಆಕಾಶ ಎಲ್ಲ ಒಂದೇ ಬೂದು ಬಣ್ಣ. ಪಲ್ಲವಿ ಬಂತು. ಪಾರ್ಕ್ ಒಮ್ಮೆ ಮುಂದೆ ನೋಡಿದರು, ರಸ್ತೆ ನೆಟ್ಟಗಿತ್ತು. ಸ್ಟೀರಿಂಗಿಗೆ ಮಂಡಿ ಒತ್ತಿಕೊಟ್ಟು ಎರಡೂ ಕೈ ಎತ್ತಿದರು. ನಾನು ತಡೆದೆನೇ? ಇಲ್ಲ. ಡ್ಯಾಶ್‌ಬೋರ್ಡಿನ ಮೇಲೆ ತಾಳ ಹಾಕುತ್ತಿದ್ದೆ. ಎಡಗೈ ಹಣೆಗೆ ಹೋಯಿತು, ಬಲಗೈ ಮುಂದಕ್ಕೆ ಹೋಯಿತು, ಎರಡೂ ಅಡ್ಡಹಾಯ್ದವು, ಮೊದಲ ಬಾರಿಗೆ ಎಲ್ಲ ಸರಿಯಾಗಿ ಡ್ರಮ್ಮಿನ ಜೊತೆಗೇ ಬರುತ್ತಿತ್ತು. ಆಗ ರಸ್ತೆಯ ನಡುವೆ ನಾಲ್ಕು ಕಂಬ ಕಂಡವು. ಮೇಲೆ ಬೋರ್ಡಿಲ್ಲದ ಕಂಬಗಳು ಇಲ್ಲಿ ಯಾಕೆ ನೆಟ್ಟಿದ್ದಾರೆ ಎಂದು ನಾನು ಯೋಚಿಸಿದ್ದು ಈಗಲೂ ನೆನಪಿದೆ. ಆಮೇಲೆ ಕಂಬಗಳ ಮೇಲಿದ್ದ ಒಂಟೆ ಕಂಡಿತು.

ಒಂಟೆಗೆ ಗುದ್ದಿದ ಗಾಡಿಗಳ ಫೋಟೋಗಳನ್ನು ನಮಗೆ ಸೇಫ್ಟಿ ಮೀಟಿಂಗಿನಲ್ಲಿ ತೋರಿಸುತ್ತಾರೆ. ಗಾಡಿ ಕಾಲಿಗೆ ಬಡಿಯುತ್ತದೆ, ಒಂಟೆಯ ಇಡೀ ದೇಹ ಗಾಜು ಒಡೆದು ಒಳಗೆ ಬೀಳುತ್ತದೆ. ಆ ಫೋಟೋಗಳಲ್ಲಿ ಸೀಟಿನ ಜಾಗ ಎಲ್ಲಿತ್ತೆಂದು ಹುಡುಕಬೇಕು. ನನಗೆ ಕೊಂಕಣಿ, ತುಳು, ಕನ್ನಡ, ಹಿಂದಿ, ಇಂಗ್ಲಿಷ್ ಬರುತ್ತದೆ, ಅರಬ್ಬಿಯೂ ಕೆಲಸ ಸಾಗುವಷ್ಟು. ಒಂದರಲ್ಲೂ ಒಂದು ಶಬ್ದ ಬಾಯಿಗೆ ಬರಲಿಲ್ಲ. ಕಾಲು ಮಾತ್ರ ಎದುರಿನ ರಬ್ಬರ್ ಮ್ಯಾಟನ್ನು ಒತ್ತಿತು. ಡ್ರಮ್ಮು ಥಟ್ಟನೆ ನಿಂತದ್ದೂ, ಪಾರ್ಕರ ಅಂಗೈ ಎದೆಗೆ ಹೋಗುವ ಬದಲು ಸ್ಟೀರಿಂಗಿಗೆ ಬಿದ್ದದ್ದೂ, ಅವರು ಬ್ರೇಕ್ ತುಳಿದದ್ದೂ ಒಟ್ಟಿಗೇ. ಪಿಕಪ್ ಕಿರುಚಿ, ಅಡ್ಡ ತಿರುಗಿ, ರಸ್ತೆ ಬಿಟ್ಟು ಮರಳಿಗೆ ಇಳಿದು ನಿಂತಿತು. ಕಣ್ಣು ಬಿಟ್ಟಾಗ ನನ್ನ ಕಿಟಕಿಯ ಹತ್ತಿರ ಒಂಟೆಯ ಮುಖ. ಏನೋ ಅಗಿಯುತ್ತಾ ನನ್ನನ್ನೇ ನೋಡುತ್ತಿತ್ತು. ಕ್ಯಾಸೆಟ್ಟಿನಲ್ಲಿ ಜೇನಿನವನು ರಾಗ ಎಳೆಯಲು ಸುರು ಮಾಡಿದ್ದ.

ಪಾರ್ಕ್ ಇಳಿದು ಹೋಗಿ ಒಂಟೆಯ ಎದುರು ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಅವರಲ್ಲಿ ತಪ್ಪಾದರೆ ಹಾಗೆ ಬಗ್ಗುವ ರೂಢಿ. ಆಮೇಲೆ ಮರಳಿನಲ್ಲಿ ಕೂತುಬಿಟ್ಟರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅವರು, "ಮಿಸ್ಟರ್ ಲೋಬೊ, ಸುಜಿನ್‌ಗೆ ಹದಿಮೂರೇ ವರ್ಷ" ಎಂದರು. ನನಗೆ ಮಂಗಳೂರಿನ ಹಾಸ್ಟೆಲ್‌ನಲ್ಲಿ ಓದುವ ನನ್ನ ಮಗಳು ನೀಟಾಳ ನೆನಪಾಯಿತು. ಅಷ್ಟರಲ್ಲಿ ಒಂಟೆ ಕಾಯುವ ಸುಡಾನಿ ಓಡಿ ಬಂದ. ಮೊದಲು ಒಂಟೆಯ ನಾಲ್ಕೂ ಕಾಲು ಸವರಿ ನೋಡಿ ದೇವರಿಗೆ ಕೃತಜ್ಞತೆ ಹೇಳಿದ. ಆಮೇಲೆ ನಮ್ಮನ್ನು ನೋಡಿ, ಸ್ವಲ್ಪ ಕಡಿಮೆ ಉತ್ಸಾಹದಿಂದ ಇನ್ನೊಮ್ಮೆ ಹೇಳಿದ.

ನಮ್ಮ ಮನೆಮಾತು ಕೊಂಕಣಿ. ಆದರೆ ಸೆಲಿನ್ ಊರಿನಲ್ಲಿ ಕನ್ನಡ ಕಲಿಸುತ್ತಿದ್ದ ಟೀಚರು. ಗಂಭೀರವಾಗಿ ಬೈಯುವುದಿದ್ದರೆ ಕನ್ನಡಕ್ಕೆ ಬರುತ್ತಾಳೆ. ಅವತ್ತು ಕನ್ನಡಕ್ಕೆ ಬಂದಳು. "ಒಂಟೆ ಬಂದ್ರೆ ಹೇಳ್ಲಿಕ್ಕೆ ಅಲ್ವಾ ಮಾರಾಯ್ರೆ ನಿಮ್ಮನ್ನು ಪಕ್ಕದಲ್ಲಿ ಕೂರಿಸಿದ್ದು? ತಾಳ ಹಾಕ್ಲಿಕ್ಕೆ ಕಂಪನಿ ಸಂಬಳ ಕೊಡುದಾ?" ಆಮೇಲೆ ಒಳಗೆ ಹೋಗಿ ಮೊಂಬತ್ತಿ ಹಚ್ಚಿ ತುಂಬ ಹೊತ್ತು ಹೊರಗೆ ಬರಲಿಲ್ಲ. ಅಂದಿನಿಂದ ನನ್ನ ತಲೆಯಲ್ಲಿ ಆ ಪಲ್ಲವಿ ದಿನಕ್ಕೊಮ್ಮೆಯಾದರೂ ಬರುತ್ತದೆ. ಕೆಲವು ಸಲ ಪಿಕಪ್ ನಿಲ್ಲುತ್ತದೆ. ಕೆಲವು ಸಲ ನಿಲ್ಲುವುದಿಲ್ಲ. ಆಗ ಕಾಲು ಒತ್ತುತ್ತದೆ.

ಪಾರ್ಕ್ ರಜೆಗೆ ಹೋದರು. ಮಗಳು ಏರ್‌ಪೋರ್ಟಿಗೆ ಬಂದಳೋ ಇಲ್ಲವೋ ಎಂದು ನಾನು ಇಲ್ಲಿ ಚಡಪಡಿಸುತ್ತಿದ್ದೆ. ಅವರು ಮರಳಿ ಬಂದು ಎಲ್ಲ ಹೇಳಿದರು. ಷರತ್ತಿನ ಪರೀಕ್ಷೆ ಮಾಡಲೆಂದು ಹುಡುಗಿ ಬಂದಿದ್ದಳಂತೆ. ಪಾರ್ಕ್ ಟ್ರಾಲಿ ಬಿಟ್ಟು, ಅಷ್ಟು ಜನರ ನಡುವೆ ಕುಣಿದು ತೋರಿಸಿದರು. ಕೈಯೆಲ್ಲ ಸರಿಯಾಗಿ ಬಂತು. ಡ್ರಮ್ಮು ನಿಲ್ಲುವ ಜಾಗದಲ್ಲಿ ಮಾತ್ರ ಬಲಗಾಲು ನೆಲವನ್ನು ಧಡ್ ಎಂದು ತುಳಿಯಿತು. ಕಾಲಿನ ಹೆಜ್ಜೆ ತಪ್ಪು, ಅದು ಹಾಗಿಲ್ಲ ಎಂದು ಮಗಳು ತಲೆ ತಗ್ಗಿಸಿ ಪಿಸುಗುಟ್ಟಿದಳು. ಆ ಕಾಲು ಎಲ್ಲಿಂದ ಬಂತೆಂದು ಪಾರ್ಕ್ ಬಸ್ಸಿನಲ್ಲಿ ಹೇಳಿದರು. ಅವಳು ಮನೆ ಬರುವ ತನಕ ಅಪ್ಪನ ಕೈ ಬಿಡಲಿಲ್ಲವಂತೆ. ಈಗ ಶುಕ್ರವಾರದ ಫೋನಿನಲ್ಲಿ ಅವಳೇ ಮೊದಲು ಮಾತಾಡುತ್ತಾಳೆ. ಈ ವಾರ ಎಷ್ಟು ಒಂಟೆ ಸಿಕ್ಕಿತು, ಕೈ ಎಲ್ಲಿತ್ತು ಎಂದು ವಿಚಾರಣೆ ಮಾಡುತ್ತಾಳೆ.

ರಜೆ ಮುಗಿದು ಪಾರ್ಕ್ ಹೊರಡುವಾಗ ಅವಳು ಹೊಸ ಕ್ಯಾಸೆಟ್ ಒಂದನ್ನು ಕೊಟ್ಟಳು. ಅದೇ ಐವರು. ಆದರೆ ಕುಣಿಯುವಂಥದ್ದು ಒಂದೂ ಇಲ್ಲ. ಅಪ್ಪನ ಕೈ ಸ್ಟೀರಿಂಗ್ ಬಿಡಬಾರದೆಂದು ಹುಡುಗಿ ರಾತ್ರಿಯೆಲ್ಲ ಕೂತು ಅಳುವ ಹಾಡುಗಳನ್ನು ಮಾತ್ರ ಆರಿಸಿ ತುಂಬಿಸಿದ್ದಾಳೆ. ಪಾರ್ಕ್ ಆ ಕ್ಯಾಸೆಟ್ ಬಿಟ್ಟು ಬೇರೆ ಹಾಕುವುದಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲೆ ಇಟ್ಟು, ತೃಪ್ತಿಯಿಂದ ಕೇಳುತ್ತಾರೆ.

ಕಷ್ಟವೆಂದರೆ, ಆ ಪಿಯಾನೋ, ಆ ಜೇನು ಎಲ್ಲ ಸೇರಿ ಎರಡನೆಯ ಹಾಡಿನ ಹೊತ್ತಿಗೆ ಅವರ ಕಣ್ಣು ಎಳೆಯುತ್ತದೆ. ನನ್ನ ಬಾವಿಯ ಕತೆಗಿಂತಲೂ ಬೇಗ. ಕಂಪನಿಯ ನಿಯಮ ಹಾಗೇ ಇದೆ, ಎಚ್ಚರ ಇಡಬೇಕಾದವ ನಾನೇ. ಹಾಗಾಗಿ ನೀವು ಯಾವತ್ತಾದರೂ ಸಂಜೆ ಖಫ್ಜಿಯ ರಸ್ತೆಯಲ್ಲಿ ಬಂದರೆ, ಎದುರಿನಿಂದ ಒಂದು ಬಿಳಿ ಪಿಕಪ್ ಬಹಳ ನಿಧಾನವಾಗಿ ಬರುವುದು ಕಾಣುತ್ತದೆ. ಅದರಲ್ಲಿ ನೆಟ್ಟಗೆ ಕೂತು ಗಾಡಿ ಓಡಿಸುವವರು ಪಾರ್ಕ್. ಪಕ್ಕದಲ್ಲಿ, ಇಲ್ಲದ ಬ್ರೇಕಿನ ಮೇಲೆ ಕಾಲಿಟ್ಟು, ಬಸ್ ಕಂಡಕ್ಟರಿನ ವೇಗದಲ್ಲಿ, ಅರ್ಥವಾಗದ ಕೊರಿಯನ್ ಭಾಷೆಯಲ್ಲಿ ಶಾಲೆಯನ್ನೂ ಮೇಷ್ಟ್ರನ್ನೂ ಪರೀಕ್ಷೆಯನ್ನೂ ಬೈಯುತ್ತಾ ಕೂತಿರುವ ನರೆಗೂದಲಿನ ಪದವೀಧರ ನಾನು.