ಭಾವನ ಗೋಳಿಬಜೆ ಗಲಭೆ

ನಮ್ಮ ಭಾವನಿಗೆ ತಲೆ ಸರಿಯಾಗಿಯೇ ಇದೆ ಎಂದು ಒಬ್ಬ ಡಾಕ್ಟರೇ ಹೇಳಿದ್ದಾರೆ. ಅವರು ಹಲ್ಲಿನ ಡಾಕ್ಟರು ಎಂಬುದು ಬೇರೆ ಮಾತು! ಭಾವನಿಗೆ ಇರುವುದು ಕಾಯಿಲೆಯಲ್ಲ, ನಾಟಕದ ಹುಚ್ಚು. ಕಾಯಿಲೆಗಾದರೆ ಮದ್ದಿದೆ; ಇದಕ್ಕೆ ಎಲ್ಲಿ ಹೋಗಿ ಮದ್ದು ಕೇಳುವುದು ಹೇಳಿ?

ತೊಂಬತ್ತರ ಇಸವಿಯಲ್ಲಿ ನಾನು ಕುವೈತಿಗೆ ಹೊಸಬ. ಸಾಲ್ಮಿಯಾದಲ್ಲಿ ಅಕ್ಕ, ಭಾವ ಮತ್ತು ಅವರ ಒಂಬತ್ತು ವರ್ಷದ ಮಗಳು ಇದ್ದ ಫ್ಲ್ಯಾಟಿನ ಹಾಲೇ ನನ್ನ ಮಲಗುವ ಕೋಣೆ. ಭಾವ ಎಲ್ಲಿಂದಲೋ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ತಂದಿದ್ದರು. ನೂರೈವತ್ತು ವರ್ಷ ಹಿಂದೆ ನ್ಯೂಯಾರ್ಕಿನಲ್ಲಿ ನಾಟಕಕ್ಕಾಗಿ ನಡೆದ ದೊಂಬಿಯ ಕಥೆ ಅದರಲ್ಲಿತ್ತು. ಒಂದೇ ಪಾತ್ರ ಮಾಡುವ ಇಬ್ಬರು ನಟರಂತೆ. ಒಬ್ಬ ಶ್ರೀಮಂತರ ಮೆಚ್ಚಿನವ, ಇನ್ನೊಬ್ಬ ಕೂಲಿಯವರ ಮೆಚ್ಚಿನವ. ಕೈಗೆ ಬಿಳಿ ಗ್ಲೌಸು ಹಾಕಿಕೊಂಡವರು ಥಿಯೇಟರಿನ ಒಳಗೆ, ಬರಿಗೈಯವರು ಹೊರಗೆ. ಬರಿಗೈಯವರು ಕಲ್ಲು ತೂರಿದರು, ಸೈನ್ಯ ಗುಂಡು ಹಾರಿಸಿತು, ಜನ ಸತ್ತರು. ಈ ಕಥೆಯನ್ನು ಭಾವ ಊಟಕ್ಕೆ ಕೂತಾಗ ಹೇಳುತ್ತಿದ್ದರು, ಟ್ಯಾಕ್ಸಿಯಲ್ಲಿ ಹೇಳುತ್ತಿದ್ದರು, ಒಮ್ಮೆ ಕ್ಷೌರಕ್ಕೆ ಕೂತಲ್ಲಿ ಪಾಕಿಸ್ತಾನಿ ಕ್ಷೌರಿಕನಿಗೂ ಹೇಳಿದರು. ಕತ್ತರಿ ಅರ್ಧದಲ್ಲಿ ನಿಂತು, ಭಾವ ಒಂದು ಕಡೆ ಮಾತ್ರ ಕೂದಲಿಟ್ಟುಕೊಂಡು ಮನೆಗೆ ಬಂದರು!

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಕುವೈತಿನ ನಮ್ಮ ಜನರಲ್ಲಿ ಎರಡೇ ಜಾತಿ: ಫ್ಯಾಮಿಲಿ ಮತ್ತು ಬ್ಯಾಚುಲರ್. ಸಂಬಳ ಜಾಸ್ತಿಯಿದ್ದು ಹೆಂಡತಿಯನ್ನು ಕರೆಸಿಕೊಂಡವನು ಫ್ಯಾಮಿಲಿ. ಊರಿನಲ್ಲಿ ಹೆಂಡತಿ ಮತ್ತು ನಾಲ್ಕು ಮಕ್ಕಳನ್ನು ಬಿಟ್ಟು, ಒಂದು ಕೋಣೆಯಲ್ಲಿ ಎಂಟು ಜನರೊಂದಿಗೆ ಮಲಗುವವನು ಬ್ಯಾಚುಲರ್. ಮದುವೆಯೇ ಆಗದ ನಾನು ಅಕ್ಕನ ಮನೆಯಲ್ಲಿದ್ದುದರಿಂದ ಫ್ಯಾಮಿಲಿ! ಇದಕ್ಕೆ ಏನನ್ನಬೇಕು?

ನಮ್ಮ ಸಂಘದ ವಾರ್ಷಿಕೋತ್ಸವದ ನಾಟಕ ಆ ವರ್ಷ ಭಾವನ ಪಾಲಿಗೆ ಬಂತು. ಫ್ಯಾಮಿಲಿಯವರು ಯಾರೂ ಪಾರ್ಟು ಮಾಡಲು ಸಿಗದೆ ಅವರು ಬ್ಯಾಚುಲರುಗಳನ್ನು ಹಿಡಿದರು. ಸಲ್ವಾದಲ್ಲಿ ಅರಬ್ಬಿಯೊಬ್ಬನ ಮನೆಯ ಅಡುಗೆಯವರು ರಾಜ. ಹೋಟೆಲಿನ ಸಪ್ಲಾಯರ್ ಮಂತ್ರಿ. ಮೂರು ತಿಂಗಳು ಪ್ರತಿ ಶುಕ್ರವಾರ ನನ್ನ ಮಲಗುವ ಕೋಣೆ ಅರಮನೆಯಾಯಿತು. ಅಕ್ಕನ ಎರಡು ಒಳ್ಳೆಯ ಸೀರೆಗಳು ಪರದೆಯಾದವು. ರಾಜರು ಮಾತು ಮರೆತಾಗಲೆಲ್ಲ ಅಡುಗೆಮನೆಗೆ ಹೋಗಿ ಅಕ್ಕನ ಸಾಂಬಾರಿಗೆ ಉಪ್ಪು ಹಾಕಿ ಬರುತ್ತಿದ್ದರು. ಅಕ್ಕ ಮೊದಲೇ ಹಾಕಿದ್ದಾಳೆಂದು ಅವರಿಗೆ ಹೇಳುವವರು ಯಾರು? ಅರಸೊತ್ತಿಗೆ!

ನಾಟಕದ ಸಂಜೆ ಒಂದು ಶಾಲೆಯ ಹಾಲು. ಮುಂದಿನ ಸಾಲುಗಳಲ್ಲಿ ಸೋಫಾ, ಆಮೇಲೆ ಕುರ್ಚಿ, ಆಮೇಲೆ ಅಡ್ಡಕ್ಕೆ ಒಂದು ನೈಲಾನ್ ಹಗ್ಗ. ಹಗ್ಗದ ಆಚೆ ಬ್ಯಾಚುಲರುಗಳು ನಿಂತು ನೋಡಬೇಕು ಎಂದು ಸಂಘದ ಅಧ್ಯಕ್ಷರ ಅಪ್ಪಣೆ. ಕುರ್ಚಿಗಳು ಅರ್ಧಕ್ಕರ್ಧ ಖಾಲಿ. ಭಾವ ಪರದೆಯ ಸಂದಿಯಿಂದ ಇದನ್ನು ನೋಡಿದರು. ನಾನು ಅವರ ಮುಖ ನೋಡಿದೆ. ನ್ಯೂಯಾರ್ಕ್ ಬಂತು ಅಂದುಕೊಂಡೆ. ಬಂದೇ ಬಂತು.

ಭಾವ ವೇದಿಕೆಗೆ ಬಂದು ಮೈಕ್ ಹಿಡಿದರು. "ಹಗ್ಗ ಬಿಚ್ಚಿದರೆ ನಾಟಕ ಉಂಟು. ಬಿಚ್ಚದಿದ್ದರೆ ಇಲ್ಲ. ಅಷ್ಟೇ."

ಅಧ್ಯಕ್ಷರು ಎದ್ದು, ಲೇಡೀಸ್ ಇದ್ದಾರೆ, ಇದು ಡಿಸೆಂಟ್ ಪ್ರೋಗ್ರಾಮು, ಕಂಡವರನ್ನೆಲ್ಲ ಮುಂದೆ ಕೂರಿಸಲು ಆಗುವುದಿಲ್ಲ ಎಂದರು. ಅಷ್ಟು ಹೇಳಿದ್ದೇ ತಡ, ಹಿಂದಿನಿಂದ ಒಂದು ಗೋಳಿಬಜೆ ಹಾರಿ ಬಂದು ಅವರ ಸಫಾರಿ ಸೂಟಿಗೆ ಬಡಿಯಿತು. ಇಂಟರ್ವೆಲ್ಲಿಗೆಂದು ಬ್ಯಾಚುಲರುಗಳೇ ಮಧ್ಯಾಹ್ನ ಕರಿದಿಟ್ಟ ಗೋಳಿಬಜೆ, ಆರಿ ಕಲ್ಲಾಗಿತ್ತು. ಆಮೇಲೆ ಎರಡು ಬುಟ್ಟಿ ಖಾಲಿಯಾಗಲು ಹೊತ್ತೇ ಹಿಡಿಯಲಿಲ್ಲ. ಸೋಫಾದವರೂ ಸುಮ್ಮನಿರಲಿಲ್ಲ, ಬಿದ್ದದ್ದನ್ನು ಹೆಕ್ಕಿ ತಿರುಗಿ ಎಸೆದರು. ಒಬ್ಬ ಎಂಜಿನಿಯರ್ ಸಾಹೇಬರು ಚಟ್ನಿಯ ಪಾತ್ರೆಯನ್ನೇ ಎತ್ತಿದರು! ರಾಜರು ಕಿರೀಟ ಬಿಗಿಹಿಡಿದು ಸಿಂಹಾಸನದ ಹಿಂದೆ ಅಡಗಿದರು. ಅಷ್ಟರಲ್ಲಿ ಶಾಲೆಯ ವಾಚ್‌ಮನ್ ಬಾಗಿಲಲ್ಲಿ ನಿಂತು ಒಂದೇ ಮಾತು ಕೂಗಿದ: "ಶುರ್ತಾ!" ಅಂದರೆ ಪೊಲೀಸು. ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ಹೋದರೆ ಊರಿಗೆ ರವಾನೆ, ಫ್ಯಾಮಿಲಿಯೇನು ಬ್ಯಾಚುಲರೇನು! ಇಡೀ ಹಾಲು ಪ್ರಾರ್ಥನೆಗೆ ಕೂತ ಮಕ್ಕಳಂತೆ ಕೂತಿತು. ನ್ಯೂಯಾರ್ಕಿಗೆ ಸೈನ್ಯ ಬೇಕಾಯಿತು. ನಮಗೆ ಒಬ್ಬ ಮುದುಕ ವಾಚ್‌ಮನ್ ಸಾಕಾಯಿತು.

ನಾಟಕ ಖಲಾಸ್. ಸಂಘದಿಂದ ಭಾವನೂ ಖಲಾಸ್. ಅದರ ಪೆಟ್ಟು ಬಿದ್ದದ್ದು ಮಾತ್ರ ಅಕ್ಕನಿಗೆ. ಸಾಲ್ಮಿಯಾದ ಹೆಂಗಸರು ಅವಳನ್ನು ಭಜನೆಗೆ ಕರೆಯುವುದನ್ನು ಬಿಟ್ಟರು. ಮಗಳ ಹುಟ್ಟುಹಬ್ಬಕ್ಕೆ ನಲವತ್ತು ಜನರಿಗೆಂದು ಅಡುಗೆ ಮಾಡಿ ಕಾದಳು. ಒಂದು ಸಂಸಾರವೂ ಬರಲಿಲ್ಲ. ಭಾವ ಹೋಗಿ ಸಲ್ವಾದಿಂದ ಬ್ಯಾಚುಲರುಗಳನ್ನು ಪಿಕಪ್ಪಿನಲ್ಲಿ ತುಂಬಿಸಿಕೊಂಡು ಬಂದರು. ಅವರು ಚೆನ್ನಾಗಿ ಉಂಡು ಪಾತ್ರೆಯನ್ನೂ ತೊಳೆದಿಟ್ಟು ಹೋದರು. ಅಕ್ಕ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅತ್ತಳು. ಅಂದಿನಿಂದ ಭಾವನೊಂದಿಗೆ ಮಾತಿಲ್ಲ. ಅನ್ನ ಆಗಿದೆ ಎಂಬುದನ್ನೂ ನನ್ನ ಮೂಲಕವೇ ಹೇಳಿಕಳಿಸುವಳು. ಭಾವ ಅವಳೆದುರೇ ಕೂತಿರುತ್ತಿದ್ದರು! ನಾನು ಟೆಲಿಫೋನ್ ಆಪರೇಟರ್ ಆಗಿ ಹೋದೆ. ಅಧ್ಯಕ್ಷರಲ್ಲಿ ಒಂದು ಕ್ಷಮೆ ಕೇಳಿದರೆ ಮುಗಿಯುತ್ತದೆ ಎಂದು ಎಷ್ಟು ಹೇಳಿದರೂ ಭಾವ ಒಪ್ಪಲಿಲ್ಲ.

ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ಆ ದಿನಗಳನ್ನು ತಮಾಷೆಯಾಗಿ ಹೇಳಲು ನನ್ನಿಂದ ಆಗುವುದಿಲ್ಲ. ಅಂಗಡಿಗಳು ಬರಿದಾದವು, ಆಫೀಸುಗಳು ಮುಚ್ಚಿದವು. ಕೆಲವು ವಾರಗಳ ಮೇಲೆ ಬಾಗ್ದಾದಿನ ದಾರಿಯಾಗಿ ಅಮ್ಮಾನಿಗೆ, ಅಲ್ಲಿಂದ ವಿಮಾನದಲ್ಲಿ ಮುಂಬಯಿಗೆ ಎಂದು ಬಸ್ಸುಗಳು ಗೊತ್ತಾದವು. ಮೊದಲ ಬಸ್ಸು ಫ್ಯಾಮಿಲಿಗಳಿಗೆ. ಮುಂದಿನದು ಯಾವಾಗ, ಬರುತ್ತದೋ ಇಲ್ಲವೋ, ಹೇಳುವವರಿರಲಿಲ್ಲ.

ನಮ್ಮ ನಾಲ್ವರ ಹೆಸರೂ ಪಟ್ಟಿಯಲ್ಲಿತ್ತು. ಭಾವ ಅಕ್ಕನನ್ನೂ ಮಗಳನ್ನೂ ಹತ್ತಿಸಿದರು, ಬ್ಯಾಗು ಮೇಲಿಟ್ಟರು, ತಾವು ಮಾತ್ರ ಕೆಳಗಿಳಿದು ನಿಂತರು. ರಸ್ತೆಯ ಆಚೆ ಆ ಅಡುಗೆಯವರು, ಆ ಸಪ್ಲಾಯರ್, ಇನ್ನೂ ನಲವತ್ತು ಐವತ್ತು ಜನ ಬಿಸಿಲಿನಲ್ಲಿ ಕೂತಿದ್ದರು. ಅವರಿಗೆ ಬರುವ ಅಡುಗೆಮನೆಯ ಅರಬ್ಬಿಯಲ್ಲಿ ಸೈನಿಕರೊಂದಿಗೆ ಮಾತಾಡಲು ಆಗುವುದಿಲ್ಲ, ತಾನು ಅವರೊಂದಿಗೆ ಬರುತ್ತೇನೆ ಎಂದರು ಭಾವ. ನನಗೆ ಎಲ್ಲಿತ್ತೋ ಸಿಟ್ಟು! ಇದು ನಾಟಕದ ಹಾಲಲ್ಲ, ಹೊಟ್ಟೆಪಾಡಿನ ಪ್ರಶ್ನೆಯೂ ಅಲ್ಲ, ಜೀವದ ಪ್ರಶ್ನೆ ಎಂದು ಬಸ್ಸಿನ ಬಾಗಿಲಿನಿಂದ ಕೂಗಿದೆ. ಭಾವ ಹತ್ತಲಿಲ್ಲ.

ಬಸ್ಸು ಗುರುಗುಟ್ಟಿತು. "ಅಕ್ಕಾ, ಒಂದು ಸಲ ಬಾಯಿಬಿಟ್ಟು ಹೇಳು, ನೀನು ಹೇಳಿದರೆ ಹತ್ತಿಯಾರು" ಎಂದು ಅಂಗಲಾಚಿದೆ.

ಅಕ್ಕ ಕಿಟಕಿಯಿಂದ ಭಾವನನ್ನೇ ನೋಡುತ್ತಿದ್ದಳು. "ನಿನಗೆ ಗೊತ್ತಿಲ್ಲ" ಎಂದಳು. "ಇವಳು ಹುಟ್ಟುವಾಗ ಇವರು ಆ ಬ್ಯಾಚುಲರುಗಳೊಟ್ಟಿಗೇ ಸಲ್ವಾದ ಕೋಣೆಯಲ್ಲಿ ಇದ್ದದ್ದು. ಆರು ವರ್ಷ ಆದ ಮೇಲೆ ಏರ್‌ಪೋರ್ಟಿನಲ್ಲಿ ಇವಳು ಇವರನ್ನು ನೋಡಿ ಅಂಕಲ್ ಅಂತ ಕರೆದಳು. ಇವರು ನಗಾಡಿದ್ರು. ಮನೆಗೆ ಬಂದು ಒಬ್ಬರೇ ಕೂತು ಅತ್ತದ್ದು ನಾನು ಕಂಡಿದ್ದೇನೆ."

ಎದ್ದಳು. ಮಗಳ ಕೈ ಹಿಡಿದಳು. ಮೇಲಿಟ್ಟ ಬ್ಯಾಗು ಇಳಿಸು ಎಂದು ನನಗೆ ಕೈಸನ್ನೆ ಮಾಡಿ, ಮೆಟ್ಟಿಲಿಳಿದು ಭಾವನ ಎದುರು ಹೋಗಿ ನಿಂತಳು. ನಾಲ್ಕು ತಿಂಗಳ ಮೇಲೆ ನೇರವಾಗಿ ಅವರಿಗೇ ಹೇಳಿದ ಮೊದಲ ಮಾತು:

"ಇನ್ನೊಂದು ಸಲ ನಿಮ್ಮನ್ನು ಇಲ್ಲಿ ಒಬ್ಬರನ್ನೇ ಬಿಟ್ಟು ಹೋಗಲಿಕ್ಕೆ ನನಗೆ ಕೂಡುದಿಲ್ಲ."

ಅಷ್ಟು ಮಾತಿನ ಮನುಷ್ಯ ಭಾವ, ಮಗಳನ್ನು ಎತ್ತಿಕೊಂಡು ಅವಳ ಹೆಗಲಿಗೆ ಮುಖ ಒತ್ತಿಕೊಂಡರು. ನಾನು ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಬಾಯಿಗೆ ಬಂದಂತೆ ಬೈಯುತ್ತ, ಕಣ್ಣೊರೆಸಿಕೊಳ್ಳುತ್ತ, ನಾಲ್ಕು ಬ್ಯಾಗುಗಳನ್ನೂ ಹೊತ್ತು ಅವರ ಹಿಂದೆ ರಸ್ತೆ ದಾಟಿದೆ.